ಹತ್ತೊಂಬತ್ತು ಹೆಜ್ಜೆ ಕೆಮ್ಮಣ್ಣು

ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ, ಅಷ್ಟೇ, ಇಷ್ಟು ಸಣ್ಣ ವಿಷಯ ಇಡೀ ಚಳಿಗಾಲ ಅವಳಿಗೆ ಹೊಳೆಯಲೇ ಇಲ್ಲ — ಗೆರೆ ಎಳೆಯುವ ಗಾಲಿಯ ಡಬ್ಬದಿಂದ ಸುಣ್ಣದ ಪುಡಿ ಸುರಿಯುತ್ತಲೇ ಇದೆ, ಗಾಲಿ ಕಿರುಗುಟ್ಟುತ್ತಲೇ ಇದೆ, ಆದರೆ ಹುಲ್ಲು ಮುಗಿದು ಹಿಮ ಶುರುವಾದ ಕಡೆ ಗೆರೆಯೇ ಇಲ್ಲ, ಹಾಲಿನೊಳಗೆ ಹಾಲು ಬಿದ್ದ ಹಾಗೆ ಎಲ್ಲಿಗೋ ಹೋಗಿಬಿಟ್ಟಿದೆ. ಕೋಕಿಲಾ ನಿಂತಳು. ಹಿಂದೆ ತಿರುಗಿ ನೋಡಿದರೆ ಎಷ್ಟು ಚೆಂದ ಬಂದಿದೆ, ಎರಡು ಸಾಕರ್ ಮೈದಾನಗಳನ್ನು ಒಟ್ಟಿಗೆ ಬಾಚಿ ತಬ್ಬಿಕೊಂಡ ಮೊಟ್ಟೆಯಾಕಾರದ ಗೆರೆ, ಎರಡು ಗೂಟ ನೆಟ್ಟು ಹಗ್ಗದ ಕುಣಿಕೆ ಹಾಕಿ ನಿನ್ನೆ ಮಧ್ಯಾಹ್ನವೆಲ್ಲ ಗುರುತು ಮಾಡಿದ್ದು, ಇವತ್ತು ಬೆಳಿಗ್ಗೆ ಏಳಕ್ಕೇ ಬಂದು ಹಿಮದ ಆ ಬದಿಯಿಂದ ಹೊರಟು ಮೈದಾನವನ್ನು ಪೂರ್ತಿ ಸುತ್ತಿ ಈಗ ಹಿಮದ ಈ ಬದಿ ಮುಟ್ಟಿದ್ದಾಳೆ, ನಡುವೆ ಉಳಿದದ್ದು ಹತ್ತೊಂಬತ್ತು ಹೆಜ್ಜೆ, ಎಣಿಸಿದಳು, ಮತ್ತೆ ಎಣಿಸಿದಳು, ಹತ್ತೊಂಬತ್ತೇ. ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗದಿಂದ ತಿಂಗಳುಗಟ್ಟಲೆ ತಳ್ಳಿ ತಳ್ಳಿ ಒಟ್ಟಿದ ಹಿಮ, ಏಪ್ರಿಲ್ ಬಂದರೂ ಪೈನ್ ಮರಗಳ ನೆರಳಲ್ಲಿ ಕಲ್ಲಾಗಿ ಕೂತಿದೆ, ಎಷ್ಟು ಗದರಿದರೂ ಏಳಲೊಲ್ಲದ ಎಮ್ಮೆಯ ಹಾಗೆ, ಬಿಳೀ ಎಮ್ಮೆ. ಹತ್ತೂವರೆಗೆ ಬಿರ್ಗಿಟ್ಟಾ ಬರುತ್ತಾರೆ, ಲೀಗಿನ ಕಡೆಯವರು, ಗೋಥೆನ್‌ಬರ್ಗ್‌ನಿಂದ, ಕೈಯಲ್ಲಿ ಫಾರ್ಮ್ ಹಿಡಿದು. ಸ್ವಂತ ಮೈದಾನ, ಅಳತೆಗೆ ಸರಿಯಾಗಿ, ಸುತ್ತಲೂ ಕೂಡಿದ ಗೆರೆ — ಇದಿದ್ದರೆ ಸ್ವೀಡನ್ನಿನ ಈ ಕಾರ್ಲ್‌ಸ್ಟಾಡ್‌ನ ಟ್ರಾನೋರ್ ತಂಡ ಈ ವರ್ಷ ಲೀಗಿನಲ್ಲಿ ಆಡುತ್ತದೆ, ಇಲ್ಲದಿದ್ದರೆ ಗೋಥೆನ್‌ಬರ್ಗ್ ತಂಡದೊಳಗೆ ಕರಗಿಹೋಗಬೇಕು, ವಾರಕ್ಕೆರಡು ಸಲ ಮೂರು ತಾಸು ರೈಲಿನಲ್ಲಿ ಕೂತು ಅಭ್ಯಾಸಕ್ಕೆ ಹೋಗುವವರು ಯಾರು, ಯಾರೂ ಹೋಗುವುದಿಲ್ಲ, ಅಲ್ಲಿಗೆ ಮುಗಿಯಿತು. ಟ್ರಾನೋರ್ ಅಂದರೆ ಕೊಕ್ಕರೆಗಳು, ಇದೇ ತಿಂಗಳು ದಕ್ಷಿಣದಿಂದ ಮರಳಿ ಬರುವ ಉದ್ದ ಕಾಲಿನ ಹಕ್ಕಿಗಳು, ಮೊನ್ನೆ ಬಸ್ಸಿನ ಕಿಟಕಿಯಿಂದ ಎರಡು ಕಂಡಿದ್ದವು, ಉತ್ತ ಹೊಲದಲ್ಲಿ ಏನನ್ನೋ ಕಳೆದುಕೊಂಡವರ ಹಾಗೆ ತಲೆ ತಗ್ಗಿಸಿ ನಡೆಯುತ್ತಿದ್ದವು, ಎರಡು ಕಂಡರೆ ಒಳ್ಳೆಯದೋ ಒಂದೋ, ಆಯಿಯನ್ನು, ಊರಿನ ಅಜ್ಜಿಯನ್ನು, ಕೇಳಬೇಕಿತ್ತು.

ಏನ್ರೀ ಕೋಕಿಲಾ, ಯಾಕೆ ನಿಂತ್ಬಿಟ್ರಿ, ಸುಣ್ಣ ಖಾಲಿನಾ — ಲಿಂಗರಾಜ ಅತ್ತಲಿಂದ ಕುಂಟುತ್ತ ಬರುತ್ತಿದ್ದಾನೆ, ಬಲಮಂಡಿಗೆ ಪಟ್ಟಿ, ತಂಡದ ನಾಯಕನ ಮಂಡಿ, ಈ ವರ್ಷದ ಅರ್ಧ ಭವಿಷ್ಯ ಆ ಪಟ್ಟಿಯೊಳಗಿದೆ. ಕಾಣ್ತಾ ಇಲ್ಲ ನೋಡಿ, ಎಂದಳು. ಅವನು ಬಗ್ಗಿ ನೋಡಿದ, ಇನ್ನೂ ಬಗ್ಗಿದ. ಬಿಳೀ ಮೇಲೆ ಬಿಳೀನಾ, ಅಯ್ಯೋ ದೇವ್ರೇ, ಇಬ್ಬಿಬ್ರು ಪಿಎಚ್‌ಡಿ ಮಾಡ್ತಾ ಇದೀವಿ, ಒಬ್ರಿಗೂ ಹೊಳೀಲಿಲ್ವಲ್ರೀ. ನಗು ಬಂತು, ನಗಬಾರದ ಹೊತ್ತು, ಆದರೂ ಬಂತು. ಮೆಲ್ಬೋರ್ನ್‌ನಲ್ಲಿ ಎರಡು ವರ್ಷ ಓದಿ ಬಂದವನು ಸೂಟ್‌ಕೇಸಿನಲ್ಲಿ ಎರಡು ತುದಿ ಚೂಪಾದ ಈ ಕೆಂಪು ಚೆಂಡು ಇಟ್ಟುಕೊಂಡು ಬಂದಿದ್ದ, ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಹಿಡಿದು ಓಡಬಹುದು, ಒದೆಯಬಹುದು, ಗುದ್ದಿ ದಾಟಿಸಬಹುದು, ನಾಲ್ಕು ಕಂಬಗಳಲ್ಲಿ ನಡುವಿನ ಎರಡರ ಮಧ್ಯೆ ಹೋದರೆ ಆರು ಅಂಕ, ಪಕ್ಕದಲ್ಲಿ ಹೋದರೆ ಒಂದು, ಅಂದರೆ ತಪ್ಪಿದರೂ ಒಂದು ಕೊಡುತ್ತಾರೆ, ಎಷ್ಟು ದಯೆಯ ಆಟ ಅನ್ನಿಸಿತ್ತು ಅವಳಿಗೆ. ಹೋದ ವರ್ಷ ಯುಗಾದಿಯ ದಿನ ಅವನ ಕೋಣೆಯ ಬಾಗಿಲಿಗೆ ಅವಳು ಹಾಕಿದ ರಂಗೋಲಿ ನೋಡಿ, ಸ್ಕೇಲ್ ಇಲ್ದೆ ಇಷ್ಟು ನೀಟಾಗಿ ರೌಂಡ್ ಹಾಕ್ತೀರಾ, ನಮ್ ಕ್ಲಬ್‌ಗೆ ಬನ್ನಿ, ಅಲ್ಲಿ ರೌಂಡ್ ಅಲ್ಲ ಮೊಟ್ಟೆ, ಎಂದಿದ್ದ. ಮೊದಲಿನ ಗೆರೆ ಆಲೂಗಡ್ಡೆಯ ಹಾಗಿತ್ತಂತೆ, ಬೇರೆ ಊರಿನವರು ಬಂದು ನಕ್ಕು ಲೀಗಿಗೆ ಬರೆದರಂತೆ, ಅದಕ್ಕೇ ಈ ಪರೀಕ್ಷೆ. ಹೋದ ವರ್ಷ ಆರು ಆಟ, ಆರೂ ಸೋಲು, ಒಂದರಲ್ಲಿ ತೊಂಬತ್ತೊಂದು ಅಂಕಗಳ ಸೋಲು, ಆದರೂ ಈ ವರ್ಷ ಬೇರೆ, ಈ ವರ್ಷ ಮಟ್ಟಿಯಾಸ್ ಇದ್ದಾನೆ, ಹೈಜಂಪ್ ಬಿಟ್ಟು ಬಂದ ಹುಡುಗ, ಚೆಂಡಿಗೆ ಹಾರಿದರೆ ಇಳಿಯುವುದನ್ನು ಮರೆತವನ ಹಾಗೆ ಮೇಲೇ ಇರುತ್ತಾನೆ, ಮಾರ್ಚ್‌ನಲ್ಲಿ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯ ಹುಡುಗರ ಎದುರು ಅಭ್ಯಾಸದ ಆಟದಲ್ಲಿ ಗೆದ್ದೇಬಿಟ್ಟರಲ್ಲ, ಮೂರೇ ಅಂಕ, ಗೆಲುವು ಗೆಲುವೇ. ಅವತ್ತು ಹನ್ನೊಂದು ಜನರೂ ಅವಳ ಹೆಸರು ಹಿಡಿದು ಕೂಗಿದ್ದರು, ಕೊಕೀಲಾ, ಕೊಕೀಲಾ, ನೀರು ಕೊಟ್ಟದ್ದಷ್ಟೇ ಅವಳು. ಲ್ಯಾಬಿನಲ್ಲಿ ಪಕ್ಕದ ಕೋಣೆಯಲ್ಲಿ ಕೂತವರೂ ಮೇಲ್ ಕಳಿಸುತ್ತಾರೆ, ಫಿಕಾದ ಹೊತ್ತಿಗೆ ಕಾಫಿ ಕುಡಿಯುತ್ತ ಹವಾಮಾನದ ಮೇಲೆ ನಾಲ್ಕೇ ಮಾತು, ಈ ದೇಶಕ್ಕೆ ಬಂದ ಮೊದಲ ಎಂಟು ತಿಂಗಳು, ಕ್ಲಬ್ ಸೇರುವ ತನಕ, ಅವಳ ಹೆಸರನ್ನು ಯಾರೂ ಜೋರಾಗಿ ಕರೆದೇ ಇರಲಿಲ್ಲ, ಇಲ್ಲೇ ಮೊದಲು, ಈ ಹುಲ್ಲಿನ ಮೇಲೆ, ಈ ತುದಿಯಿಂದ ಆ ತುದಿಗೆ. ಇದು ಹೋದರೆ ಶನಿವಾರ ಅನ್ನುವುದೇ ಹೋಗುತ್ತದೆ.

ಸಲಿಕೆ ತಂದರು. ಲಿಂಗರಾಜ, ಮಟ್ಟಿಯಾಸ್, ಇನ್ನಿಬ್ಬರು, ಠಣ್ ಠಣ್, ಮೇಲಿನ ಹಿಮ ಚೂರು ಹಾರಿತು, ಕೆಳಗೆ ಬರೀ ಮಂಜುಗಡ್ಡೆ, ಅಷ್ಟರಲ್ಲಿ ಇಂಗ್ವಾರ್ ಬಂದು ಕೈ ಅಡ್ಡ ಹಿಡಿದ, ಮೈದಾನ ನೋಡಿಕೊಳ್ಳುವ ಕೊಮ್ಮೂನಿನ, ಅಂದರೆ ಇಲ್ಲಿಯ ನಗರಸಭೆಯ, ನೌಕರ, ಮೂವತ್ತು ವರ್ಷದಿಂದ ಈ ಹುಲ್ಲನ್ನು ಮಕ್ಕಳ ಕೂದಲಿನ ಹಾಗೆ ಸವರಿ ಸಾಕಿದವನು, ಬೇಡ, ಬೇರು ಕಿತ್ತು ಬರುತ್ತೆ, ಮೇ ಬಂದರೆ ತಾನೇ ಕರಗುತ್ತೆ, ಎಂದ. ಮೇ ತನಕ ಯಾರು ಕಾಯುತ್ತಾರೆ. ಗೆರೆಯನ್ನೇ ಒಳಗೆ ತಂದರೆ, ಲಿಂಗರಾಜ ಕೇಳಿದ. ಅಳತೆ ಕಡಿಮೆಯಾಗುತ್ತದೆ, ಆ ಬದಿಗೆ ಸರಿಸೋಣವೆಂದರೆ ಬೇಲಿ, ಎಲ್ಲ ನಿನ್ನೆಯೇ ಅಳೆದದ್ದಲ್ಲವೇ. ನಾಲ್ವರೂ ಸಲಿಕೆ ಊರಿ ನಿಂತರು, ಯಾರೂ ಅವಳನ್ನು ನೋಡುತ್ತಿಲ್ಲ, ನೋಡದೇ ಇರುವುದೇ ನೋಡಿದ ಹಾಗಿದೆ, ಗೆರೆ ಅವಳದು ತಾನೇ. ಹತ್ತಕ್ಕೆ ಐದು ನಿಮಿಷ. ಆಯಿಯ ಕಥೆಯ ಸೊಸೆಗೆ ಒಂಬತ್ತೇ ಹೆಜ್ಜೆ ಕಡಿಮೆ ಬಿದ್ದಿತ್ತು, ತನಗೆ ಹತ್ತೊಂಬತ್ತು — ಆಯಿ ಧಾರವಾಡದ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಹೇಳುತ್ತಿದ್ದ ಕಥೆ, ಒಂದೂರು ಇತ್ತು ಕೋಕಿ, ಕಾಲಿದ್ದ ಊರು, ಎಲ್ಲಾರೂ ಮಲಗಿದ ಮ್ಯಾಲ ಎದ್ದು ದಿನಾ ಒಂದೊಂದ್ ಹೆಜ್ಜಿ ಕೆರಿ ಕಡೆ ನಡೀತಿತ್ತು, ಹಿಂಗ ಬಿಟ್ರ ಊರು ಮುಳುಗತೈತಿ ಅಂತ ಸಣ್ಣ ಸೊಸಿ ಉಡಿ ತುಂಬ ರಂಗೋಲಿ ಪುಡಿ ಕಟ್ಕೊಂಡು ಊರ ಸುತ್ತ ಗೆರಿ ಹಾಕಾಕ ಹೊಂಟ್ಳು, ಗೆರಿ ಕೂಡಿದ್ರ ಊರು ನಿಲ್ಲತೈತಿ, ಇನ್ನೇನು ಕೂಡಬೇಕು, ಒಂಬತ್ತು ಹೆಜ್ಜಿ ಉಳದಿತ್ತು, ಉಡ್ಯಾಗ ಪುಡಿ ತೀರಿತ್ತು — ಮುಂದ ಏನಾತು ಆಯಿ. ಮುಂದೆ ಏನಾಯಿತು ಅನ್ನುವುದು ದಿನಕ್ಕೊಂದು ಥರ. ಒಂದು ದಿನ ಸೊಸೆ ಬಳೆ ಒಡೆದು ಅರೆದಳು, ಒಂದು ದಿನ ಜೋಳದ ಹಿಟ್ಟು ಕಡ ತಂದಳು, ಒಂದು ದಿನ ಇರುವೆಗಳು ಸಕ್ಕರೆ ಹೊತ್ತು ಸಾಲಾಗಿ ಬಂದು ನಿಂತವು, ಹಲವು ದಿನ ಆಯಿ ಒಂಬತ್ತು ಹೆಜ್ಜೆಗೇ ನಿದ್ದೆ ಹೋದಳು. ಹೋದ ಭಾನುವಾರ ಫೋನಿನಲ್ಲಿ ಕೇಳಿದರೆ, ಯಾವ ಸೊಸಿ, ಏನ್ ಗೆರಿ, ಅಲ್ಲೆ ಊಟಾ ಬರೋಬ್ಬರಿ ಮಾಡ್ತಿಯೋ ಇಲ್ಲೋ. ಮರೆತಿದ್ದಾಳೆ. ಅಥವಾ ಮರೆತ ಹಾಗೆ ಮಾಡಿದಳೇನೋ, ನಗುತ್ತಿದ್ದಳು. ಬಾಗಿಲ ಮುಂದೆ ಮೊದಲು ಸಗಣಿ ಸಾರಿಸಿ, ಅಂಚಿಗೆ ಕೆಮ್ಮಣ್ಣಿನ ಪಟ್ಟಿ ಬಳಿದು, ಆಮೇಲೆ ಬಿಳಿ ಎಳೆ, ಕೆಮ್ಮಣ್ಣು ಇಲ್ಲದಿದ್ರ ರಂಗೋಲಿ ಬಾಯಿ ಬಿಡಂಗಿಲ್ಲವ್ವಾ ಅನ್ನುತ್ತಿದ್ದ ಆಯಿ, ಕೆಮ್ಮಣ್ಣು, ಕೆಂಪು —

ಕೆಂಪು ಎದುರಿಗೇ ಇತ್ತು. ಆಟಗಾರರು ಬಟ್ಟೆ ಬದಲಿಸುವ ಮರದ ಗುಡಿಸಲು, ಗೋಡೆಯೆಲ್ಲ ಕೆಂಪು, ಈ ದೇಶದ ಹಳ್ಳಿಯ ಮನೆಗಳೆಲ್ಲ ಬಳಿದುಕೊಳ್ಳುವ ಅದೇ ಮಣ್ಣುಗೆಂಪು, ರೈಲಿನಲ್ಲಿ ಹೋಗುವಾಗೆಲ್ಲ ಇದನ್ನು ಎಲ್ಲೋ ಕಂಡಿದ್ದೇನೆ ಅನ್ನಿಸುತ್ತಿತ್ತು, ಎಲ್ಲಿ ಅಂತ ತಿಳಿದಿರಲಿಲ್ಲ. ಕಂಡದ್ದು ಆಯಿಯ ಬಾಗಿಲಲ್ಲಿ. ಇಂಗ್ವಾರ್, ಅವಳು ತನ್ನ ಮುರುಕು ಸ್ವೀಡಿಷ್‌ನಲ್ಲಿ ಕೇಳುತ್ತಾಳೆ, ಆ ಬಣ್ಣ ಯಾವುದರಿಂದ ಮಾಡುತ್ತೀರಿ. ಮಣ್ಣಿಂದ, ಫಾಲುನ್ ಗಣಿಯ ಮಣ್ಣು, ಹಿಟ್ಟಿನ ಗಂಜಿ ಕಾಯಿಸಿ ಪುಡಿ ಬೆರೆಸಿ ಕುದಿಸೋದು, ನಮ್ಮಜ್ಜನೂ ಹಾಗೇ ಮಾಡ್ತಿದ್ದ, ಯಾಕೆ. ಪುಡಿ ಉಳಿದಿದೆಯೇ. ಅವನು ಗಡ್ಡ ಕೆರೆದುಕೊಂಡ, ಹಿಮ ನೋಡಿದ, ಗೋಡೆ ನೋಡಿದ, ಅವಳನ್ನು ನೋಡಿದ, ಈ ಜನ ಒಂದು ಉತ್ತರ ಕೊಡುವಷ್ಟರಲ್ಲಿ ಒಂದು ಊರು ಕೆರೆಗೆ ನಡೆದು ಹೋದೀತು. ಹೋದ ಬೇಸಿಗೆದು ಅರ್ಧ ಚೀಲ ಇದೆ, ಮಳೆಗೆ ತೊಳೆದು ಹೋಗೋದನ್ನಷ್ಟೇ ಹುಲ್ಲಿಗೆ ಹಾಕಬೇಕು ಅಂತ ಕೊಮ್ಮೂನಿನ ನಿಯಮ, ಕುದಿಸದೇ ಇದ್ದರೆ ಇದೂ ತೊಳೆದು ಹೋಗುತ್ತೆ, ಎಂದ, ಹೋಗಿ ತಂದ. ಗಾಲಿಗೆ ತುಂಬೋಣ್ವಾ, ಲಿಂಗರಾಜ ಅವಸರ ಮಾಡಿದ. ಬ್ಯಾಡ, ಎಂದಳು, ಅವನೆದುರು ಯಾವಾಗಲೂ ಅವನ ಕಡೆಯ ಮಾತಲ್ಲೇ ಬೇಡ ಅನ್ನುವವಳು, ಮಾತು ತಾನಾಗಿ ಧಾರವಾಡಕ್ಕೆ ಹೋಗಿತ್ತು, ಗಾಲಿ ಹಿಮದಾಗ ಹುಗೀತೈತಿ, ಕೈಲೇ ಹಾಕ್ತೀನಿ. ಕೈಗವಸು ಕಳಚಿದಳು. ಮುಷ್ಟಿ ತುಂಬ ಮಣ್ಣು, ತಣ್ಣಗೆ, ನುಣ್ಣಗೆ, ಹೆಬ್ಬೆರಳು ತೋರುಬೆರಳಿನ ನಡುವೆ ಜಾರಿಸಿದರೆ ಎಳೆ ಬಿತ್ತು, ಬಿಳಿಯ ಮೇಲೆ ಕೆಂಪು, ಕಣ್ಣಿಗೆ ಹೊಡೆದ ಹಾಗೆ ಕೆಂಪು. ಇದು ಹರಡುತ್ತದೆಯೇ, ಕಾಗದದ ಮೇಲೆ ಶಾಯಿ ಹೇಗೆ ಹರಡುತ್ತದೆ ಅನ್ನುವುದೇ ಅಲ್ಲವೇ ಅವಳ ಸಂಶೋಧನೆ, ಒಣಗಿದ್ದರೆ ನಿಲ್ಲುತ್ತದೆ, ಒದ್ದೆಯಾದರೆ ಕಾಲು ಚಾಚುತ್ತದೆ, ನೆರಳಿರುವ ತನಕ ಹಿಮ ಒಣಗೇ ಇರುತ್ತದೆ, ಸೂರ್ಯ ಆ ಎರಡನೆಯ ಪೈನ್ ಮರದ ತುದಿಗೆ ಬಂದಿದ್ದಾನೆ, ಅರ್ಧ ಗಂಟೆ, ಇದ್ದರೆ. ಮೂರು ಹೆಜ್ಜೆ. ಐದು. ಲಿಂಗರಾಜ ಹಗ್ಗ ಬಿಗಿಹಿಡಿದು ಬಾಗು ತೋರಿಸುತ್ತಿದ್ದಾನೆ, ಮಟ್ಟಿಯಾಸ್ ಚೀಲ ಹೊತ್ತು ಹಿಂದೆ ಹಿಂದೆ, ಉಸಿರು ಬಿಡಲೂ ಹೆದರುತ್ತಾನೆ ಪುಡಿ ಹಾರೀತೆಂದು. ಬೆರಳು ಎಲ್ಲಿವೆ, ಇವೆಯೋ ಇಲ್ಲವೋ, ಮರಗಟ್ಟಿವೆ, ಕೈ ನೋಡಬ್ಯಾಡ ಕೋಕಿ, ಕೈಗೆ ದಾರಿ ಗೊತ್ತೈತಿ, ನೀ ಮುಂದ ನೋಡು, ಮುಂದೆ ಬಿಳಿ ಗೆರೆಯ ತುದಿ ಬೆಳಿಗ್ಗೆ ಏಳರಿಂದ ಕಾಯುತ್ತ ಕೂತಿದೆ, ಒಂಬತ್ತು ಹೆಜ್ಜೆ ಉಳಿದವು, ಸರಿಯಾಗಿ ಒಂಬತ್ತು, ಉಡಿಯಲ್ಲಿ ಪುಡಿ ಇದೆ, ಇದೆ ಆಯಿ, ಚೀಲದ ತುಂಬ ಇದೆ, ಬಳೆ ಒಡೆಯುವುದು ಬೇಡ, ಕಾರಿನ ಬಾಗಿಲು ಹಾಕಿದ ಸದ್ದು, ಬಂದರು, ತಲೆ ಎತ್ತಬಾರದು, ಆರು, ನಾಲ್ಕು, ಎರಡು, ಕೆಂಪು ಹೋಗಿ ಬಿಳಿಯ ತುದಿಯನ್ನು ಮುಟ್ಟಿತು.

ಬಿರ್ಗಿಟ್ಟಾ ನೇರ ಕೆಲಸಕ್ಕಿಳಿದರು. ಉದ್ದನೆ ಕರಿಯ ಬೂಟು, ಕಂಕುಳಲ್ಲಿ ಫೈಲು, ಕಂಬಗಳಿಂದ ಹೊರಟು ಗೆರೆಯ ಹೊರಗೇ ನಡೆಯುತ್ತ, ಅಲ್ಲಲ್ಲಿ ಟೇಪು ಹಿಡಿದು ಅಳೆಯುತ್ತ ಸುತ್ತು ಬರುತ್ತಿದ್ದಾರೆ, ಎಷ್ಟು ನಿಧಾನ, ಅವರ ಜೊತೆಗೆ ಬಿಸಿಲೂ ಹುಲ್ಲಿನ ಮೇಲೆ ಈ ಮೂಲೆಯತ್ತ ನಡೆದು ಬರುತ್ತಿದೆ, ಯಾರು ಮೊದಲು ಮುಟ್ಟುತ್ತಾರೋ. ಲಿಂಗರಾಜ ಮಂಡಿ ಒತ್ತಿಕೊಳ್ಳುತ್ತಿದ್ದಾನೆ. ಇಂಗ್ವಾರ್ ಜೇಬಿನಲ್ಲಿ ಕೈಯಿಟ್ಟು ಆಕಾಶ ನೋಡುತ್ತಿದ್ದಾನೆ, ತನಗೂ ಇದಕ್ಕೂ ಸಂಬಂಧವಿಲ್ಲ ಅನ್ನುವ ಹಾಗೆ, ಅವನ ಹತ್ತೂ ಬೆರಳು ಕೆಂಪು. ಬೂಟು ಹಿಮದ ಅಂಚಿಗೆ ಬಂದು ನಿಂತಿತು. ಇದು ಯಾಕೆ ಕೆಂಪು. ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ, ಕೋಕಿಲಾ ಹೇಳಿದಳು, ಅಷ್ಟು ಸ್ವೀಡಿಷ್ ಸರಿಯಾಗಿ ಬಂತು. ಅವರು ಬಾಗಿದರು. ಹತ್ತೊಂಬತ್ತು ಹೆಜ್ಜೆಯನ್ನೂ ಕಣ್ಣಲ್ಲೇ ನಡೆದರು, ಕೆಂಪು ಬಿಳಿಯನ್ನು ಕೂಡುವ ಕಡೆ ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ಒಳಗೆ ಬರಬೇಕಿತ್ತಲ್ಲ, ಮೈದಾನದ ಒಳಗೆ, ಬೂಟು ಎತ್ತಿದರು, ಎತ್ತಿ, ಅರೆಗಳಿಗೆ ಹಾಗೇ ಗಾಳಿಯಲ್ಲಿ ಹಿಡಿದು, ಗೆರೆಯನ್ನು ತುಳಿಯದೆ ಅದರಾಚೆ ಇಟ್ಟರು, ಧಾರವಾಡದ ಓಣಿಯಲ್ಲಿ ಹಾಲಿನವನು ದಾಟುವ ಹಾಗೆ, ಪೋಸ್ಟಿನವನು ದಾಟುವ ಹಾಗೆ, ಇವರಿಗೆ ಯಾರು ಕಲಿಸಿದರು. ಫಾರ್ಮಿನ ಮೇಲೆ ಪೆನ್ನು ಓಡಿತು. ನಿಮ್ಮ ಮೊದಲ ಆಟ ಮೇ ಆರಕ್ಕೆ ಹಾಕಿದೀವಿ, ಎಷ್ಟು ಗಂಟೆಗೆ ಇಟ್ಕೋತೀರಿ — ಲಿಂಗರಾಜ ಏನೋ ಹೇಳುತ್ತಿದ್ದಾನೆ, ಎರಡು ಗಂಟೆ ಅನ್ನುತ್ತಿದ್ದಾನೆ, ಮಟ್ಟಿಯಾಸ್ ಖಾಲಿ ಗಾಳಿಗೇ ಹಾರುತ್ತಿದ್ದಾನೆ, ಯಾರೋ ಕೊಕೀಲಾ ಅಂತ ಆ ತುದಿಯಿಂದ ಕೂಗುತ್ತಿದ್ದಾರೆ, ಊರು ನಿಂತಿತು ಆಯಿ, ಭಾನುವಾರ ಹೇಳಬೇಕು, ನೀನು ಮರೆತಿದ್ದರೆ ನಾನು ಹೇಳುತ್ತೇನೆ, ಸೊಸೆ ಕೆಮ್ಮಣ್ಣು ತಂದಳು, ಬಿಸಿಲು ಈಗ ಹಿಮವನ್ನು ಮುಟ್ಟಿತು, ಇನ್ನು ಹರಡಲಿ, ಕರಗಲಿ, ಏನಾದರೂ ಆಗಲಿ, ಆದರೆ ಆ ಬೂಟು, ಎತ್ತಿದ್ದು, ತುಳಿಯದೆ ದಾಟಿದ್ದು, ಕೆಳಗೆ ಗೆರೆ, ಬಿಳಿಯ ಮೇಲೆ ಕೆಂಪು, ಬಿಳಿಯ ಮೇಲೆ ಕೆಂಪು ಗೆರೆ —