ಉಪ್ಪು ಮುಟ್ಟಿದ ಕೆಂಚಬಂಟ

ಮೊದ್ಲ ಹೇಳಿಬಿಡ್ತೀನಿ, ತಪ್ಪು ನಂದು. "ನಿನ್ನ ಬಾಯಿಗೆ ಬೀಗ ಇಲ್ಲ" ಅಂತ ನಮ್ಮನಿಯವ್ರು ಹಂಪೇಶ ಮದುವಿ ಆದಾಗಿಂದ ಅಂತಾನ ಬಂದಾರ. "ನಿಮಗ ಕಿವಿ ಇದ್ದೂ ಇಲ್ಲ" ಅಂತ ನಾನೂ ಅಂತಾನ ಬಂದೀನಿ. ಈ ಸಲ ಮಾತ್ರ ಅವ್ರ ಮಾತು ಖರೆ ಆತು.

ನಾನು ಶೈಲಜಾ. ಕಂಪ್ಲಿಯಾಗ ಬ್ಲೌಸ್ ಹೊಲಿತೀನಿ, ಕಥಿ ಹೇಳ್ತೀನಿ. ಬರಿಯೋದಲ್ಲ, ಫೋನಿನ್ಯಾಗ ಹೇಳಿ ವಾಟ್ಸಾಪ್ ಗ್ರೂಪಿಗೆ ಬಿಡೋದು. ಮಂಗಳವಾರ, ಶುಕ್ರವಾರ, ಮಧ್ಯಾಹ್ನ ಮೂರಕ್ಕ. ಇನ್ನೂರು ಚಿಲ್ರಿ ಮಂದಿ ಕೇಳ್ತಾರ. ಹೊಸಪೇಟ್ಯಾಗ ಅದಾರ, ಸಂಡೂರಾಗ ಅದಾರ, ಚೋರನೂರಿನಾಕಿ ಒಬ್ಬಾಕಿ ಹೊಲದಾಗ ಕಳೆ ತಗೀತಾ ಕೇಳ್ತಾಳಂತ.

ಕಥಿ ಏಳು ಮಂದಿ ಬಂಟರದ್ದು. ಒಂದು ಪಟ್ಟಣ, ಅದರ ಬೆನ್ನಿಗೆ ಉಸಿರಾಡೋ ಕೆಂಪು ಗುಡ್ಡ. ಗುಡ್ಡದಾಗಿನ ಭೂತ ಕೆಳಗ ಇಳೀಬಾರ್ದಂತ ಈ ಏಳು ಮಂದಿ ಕತ್ತಿ ಹಿಡಿದು ರಾಜನ್ನ, ಊರನ್ನ ಕಾಯ್ತಾರ. ಬಂಟ ಆಗಬೇಕಂದ್ರ ರಾಜನ ಅಂಗೈಯಾಗಿನ ಉಪ್ಪು ಮುಟ್ಟಿ, ನಾಲಿಗಿಗೆ ಹಚ್ಕೊಂಡು, ಅರಮನಿ ಮಾತು ಹೊರಗ ಹಾಕಂಗಿಲ್ಲ ಅಂತ ಆಣಿ ಮಾಡಬೇಕು. ಆಣಿ ಮುರುದ್ರ ನಾಲಿಗಿ ನಿಂತಲ್ಲೇ ಕರಗಿ ಹೋಗತೈತಿ. ಏಳರಾಗ ಕೆಂಚಬಂಟ ಅಂದ್ರ ಗ್ರೂಪಿನ ಹೆಂಗಸ್ರಿಗೆ ಜೀವ. ಅವಗ ಒಂದು ಬಾಣ ನಾಟಿದ್ರ ನನಗ ಇಪ್ಪತ್ತು ಮಂದಿ ಫೋನ್ ಹಚ್ಚಿ ಬೈತಾರ.

ಈ ಉಪ್ಪಿನ ಆಣಿ ನನ್ನ ತಲಿಯಾಗಿಂದ ಬಂದದ್ದಲ್ಲ, ಭರಮಕ್ಕ ಕೊಟ್ಟಿದ್ದು. ಭರಮಕ್ಕ ನಮ್ಮೂರ ರೈಸ್ ಮಿಲ್ಲಿನ ಸಾವ್ಕಾರ ಕೊಟ್ರಬಸಪ್ಪನವ್ರ ಮನ್ಯಾಗ ಇಪ್ಪತ್ತೆರಡು ವರ್ಷದಿಂದ ಅಡಿಗಿ ಮಾಡಾಕಿ. ಕೆಲ್ಸಕ್ಕ ಸೇರಿದ ದಿವ್ಸ ಸಾವ್ಕಾರ್ರ ತಾಯಿ ಆಕಿ ಕೈಯಾಗ ಉಪ್ಪು ಹಾಕಿ, "ಈ ಮನಿ ಮಾತು ಹೊಸ್ತಿಲು ದಾಟಂಗಿಲ್ಲ" ಅಂತ ಆಣಿ ಮಾಡಿಸ್ಕೊಂಡಿದ್ರಂತ. ಗಂಡ ಇಲ್ಲ, ಮಕ್ಕಳಿಲ್ಲ, ಅವ್ರ ಹಿತ್ತಲ ಕೋಣಿನ ಆಕಿ ಮನಿ. ನಾವಿರೋದೂ ಆ ಸಾವ್ಕಾರ್ರ ಬಾಡಿಗಿ ಮನಿನ. ನಡುವ ಒಂದ್ ಗ್ವಾಡಿ, ಅಷ್ಟ.

ಸೋಮವಾರ ಸಂಜಿಮುಂದ ಭರಮಕ್ಕ ಬಂದು ನನ್ನ ಮಷಿನ್ ಬಾಜೂಕ ಕುಂತ್ಲು. ಮಾರಿ ಸುಣ್ಣದಂಗ ಬೆಳ್ಳಗಾಗಿತ್ತು. ಹಿಂದಿನ ದಿವ್ಸ ಸಾವ್ಕಾರ್ರ ಮನಿಮಂದಿ ಹಂಪಿಗೆ ಹೋಗಿದ್ರು, ಈಕಿನೂ ಬುತ್ತಿ ಡಬ್ಬಿ ಹೊತ್ಕೊಂಡು ಜೋಡಿ ಹೋಗಿದ್ಲು. ಕಾರು ನಡೆಸಿದವ ಸಾವ್ಕಾರ್ರ ಮಗ ಹಾಲೇಶ. ಡ್ರೈವರ್ ಮೂಕಣ್ಣ ಜ್ವರ ಬಂದು ಗಾದಿಗನೂರಾಗ ತನ್ನ ಮನ್ಯಾಗ ಮಲಗಿದ್ದ. ವಾಪಸ್ ಬರೋವಾಗ ಹಾಲೇಶ ಒಂದ್ ಕೈಯಾಗ ಫೋನ್ ಹಿಡ್ಕೊಂಡು ಸೈಕಲ್ ಮ್ಯಾಲ ಹೊಂಟಿದ್ದ ಜಂಬಪ್ಪಗ ಗುದ್ದಿದ. ಜಂಬಪ್ಪ ಬಾಳಿಗೊನಿ ಹೊರೋ ಕೂಲಿ ಮನುಷ್ಯ. ಹಾಲೇಶ ಕಾರು ನಿಲ್ಲಿಸಲೇ ಇಲ್ಲ.

"ಹಿಂದಿನ ಸೀಟಿನ್ಯಾಗ ಕುಂತು ತಿರುಗಿ ನೋಡಿದ್ನೆವ್ವ," ಅಂದ್ಲು ಭರಮಕ್ಕ. "ಅವ ಕೈ ಎತ್ತಿದ್ದ. ಇನ್ನೂ ಕಣ್ ಬಿಟ್ಟಿಲ್ಲಂತ, ದವಾಖಾನ್ಯಾಗ ಅದಾನ. 'ನಾನ ನಡೆಸಿದ್ದೆ ಅಂತ ಹೇಳು' ಅಂತ ಸಾವ್ಕಾರ್ರು ಮೂಕಣ್ಣಗ ಅಂದಾರ. ಅವ ಹೂಂ ಅಂದಾನ. ಶುಕ್ರವಾರ ಹತ್ತಕ್ಕ ಠಾಣಿಯಾಗ ನನ್ನೂ ಕೇಳ್ತಾರಂತ, ಕಾರಿನ್ಯಾಗ ಇದ್ನೆಲ್ಲ. ಉಂಡ ಮನಿ ಜಂತಿ ಎಣಿಸಬಾರ್ದು ಅಂತಾರ. ಏನ್ ಮಾಡ್ಲೆ ಶೈಲವ್ವ? ಯಾರ ಮುಂದೂ ಅನಬ್ಯಾಡ ಮತ್ತ."

"ನಿನ್ನ ಮ್ಯಾಲಾಣಿ, ಅನಂಗಿಲ್ಲ," ಅಂದೆ.

ಮಂಗಳವಾರ ಕುಂತ್ರ ಕಥಿ ಬರವಲ್ದು. ಎರಡು ತಾಸು ಫೋನ್ ಹಿಡ್ಕೊಂಡು ಕುಂತೆ, ತಲಿಯಾಗ ಭರಮಕ್ಕಂದ ಮಾತು. ಸುಮ್ನ ಬಾಯಿ ತಗದೆ ನೋಡ್ರಿ, ಹರದು ಬಂತು. ರಾಜಕುಮಾರನ ಕುದುರಿ ಒಬ್ಬ ಕುರುಬನ್ನ ತುಳಿತೈತಿ. ತಪ್ಪು ಲಾಯದ ಆಳಿನ ಮ್ಯಾಲ ಹಾಕ್ತಾರ. ಕೆಂಚಬಂಟ ಕಣ್ಣಾರೆ ಕಂಡಾನ, ಆದ್ರ ಉಪ್ಪು ಮುಟ್ಯಾನ. ತುಂಬಿದ ಸಭಾದಾಗ ರಾಜ ಅವನ್ನ ಕೇಳ್ತಾನ, "ನೀ ಏನ್ ಕಂಡಿ?" ಅಲ್ಲಿಗೆ ನಿಲ್ಲಿಸಿದೆ. ಹೆಸರು ಬ್ಯಾರೆ, ಊರು ಬ್ಯಾರೆ, ಯಾರಿಗೆ ತಿಳೀತೈತಿ ಅನ್ಕೊಂಡೆ. ಎಂಥಾ ಹೆಡ್ಡಿ ನಾನು! ಹೇಳುವಾಗ ಖುಷಿನೂ ಆಗಿತ್ತು, ಅದನ್ನ ನೆನಸಿದ್ರ ಈಗ ಮೈ ಉರೀತೈತಿ.

ಗ್ರೂಪಿನ್ಯಾಗ ಜಗಳಾನ ಹತ್ತಿತು. "ಹೇಳಿಬಿಡ್ಲಿ ಅವ" ಅನ್ನೋರು ಅರ್ಧ, "ಬ್ಯಾಡ ಬ್ಯಾಡ, ನಾಲಿಗಿ ಹೋಗತೈತಿ" ಅನ್ನೋರು ಅರ್ಧ. ನಗಾಡ್ತಾ ಓದಾಕತ್ತಿದ್ದೆ. ನಡುವ ಸಾವ್ಕಾರ್ತಿಯವ್ರ ಮೆಸೇಜ್ ಬಂತು. ಅವ್ರೂ ಗ್ರೂಪಿನ್ಯಾಗ ಅದಾರ ಅನ್ನೋದನ್ನ ನಾ ಮರತ ಬಿಟ್ಟಿದ್ದೆ. "ಕಥಿ ಚೊಲೋ ಐತಿ ಶೈಲಜಾ. ಯಾರು ಹೇಳಿಕೊಟ್ರು?"

ಅಯ್ಯೋ ಶಿವನ, ಏನ್ ಮಾಡಿಬಿಟ್ಟೆ ಅಂತ ಎದಿ ಹಿಡ್ಕೊಂಡು ಕುಂತೆ.

ಬುಧವಾರ ಭರಮಕ್ಕ ಬರ್ಲಿಲ್ಲ. ಫೋನ್ ಹಚ್ಚಿದ್ರ ಎತ್ತವಲ್ಲಳು. ಅರಿವಿ ಒಣಹಾಕೋ ನೆಪದಾಗ ಹತ್ತು ಸಲ ಗ್ವಾಡಿ ಮ್ಯಾಲಿಂದ ಇಣಿಕಿದೆ. ಅಡಿಗಿ ಮನಿ ಹೊಗಿ ಬರ್ತಿತ್ತು, ಆಕಿ ಕಾಣಲಿಲ್ಲ. ಹೊಲಿಯೋ ಬ್ಲೌಸಿಗೆ ಎಡಗೈ ತೋಳು ಬಲಕ್ಕ ಹಚ್ಚಿ ಬಿಚ್ಚಿದೆ. ತೋರಣಗಲ್ಲಿನಾಗ ಶಿಫ್ಟ್ ಮುಗಿಸಿ ಬಂದ ನಮ್ಮನಿಯವ್ರಿಗೆ ಎಲ್ಲಾ ಹೇಳಿಬಿಟ್ಟೆ. ಬೈತಾರ ಅನ್ಕೊಂಡಿದ್ದೆ. ಬೈಲಿಲ್ಲ. "ಈ ಮನಿ ಯಾರ್ದು ಅನ್ನೋದು ನೆನಪೈತಿಲ್ಲ?" ಅಂದು ತಟ್ಟಿನ್ಯಾಗ ಕೈ ತೊಳ್ಕೊಂಡು ಎದ್ರು. ಬೈದಿದ್ರ ಚೊಲೋ ಇತ್ತು.

ಗುರುವಾರ ಶುಕ್ರವಾರದ ಕಥಿ ಹೇಳಿ ಇಟ್ಟೆ. ಕೆಂಚಬಂಟ ತುಟಿ ಬಿಚ್ಚಂಗಿಲ್ಲ, ಉಪ್ಪಿನ ಮಾತು ಉಳಿಸಿ ಗುಡ್ಡಕ್ಕ ನಡೆದು ಹೋಗ್ತಾನ. ಕೇಳಿ ನನಗ ಅಳು ಬಂತು, ಅಷ್ಟು ಮಸ್ತ್ ಬಂದಿತ್ತು. ಆಮ್ಯಾಲ ಶುಕ್ರವಾರದ ಠಾಣಿ ನೆನಪಾತು. ಭರಮಕ್ಕ ಇದನ್ನ ಕೇಳಿ, ತನಗಂತಾನ ಹೇಳ್ಯಾಳ ಅಂತ ತಿಳ್ಕೊಂಡು, ಠಾಣಿಯಾಗ ಸುಮ್ನ ನಿಂತ್ರ? ಮೂಕಣ್ಣಗ ಎರಡು ಹೆಣ್ಮಕ್ಕಳು. ಮಾಡದ ತಪ್ಪಿಗೆ ಅವ ಒಳಗ ಹೋಗ್ತಾನ, ಜಂಬಪ್ಪನ ಕಡೆ ತಿರುಗಿ ನೋಡೋರೂ ಇರಂಗಿಲ್ಲ. ಎಲ್ಲಾ ನನ್ನ ಚಂದದ ಕಥಿಯಿಂದ! ಅಳಿಸಿ ಹಾಕಿದೆ.

ಬ್ಯಾರೆ ಹೇಳಿದೆ. ಕೆಂಚಬಂಟ ಸಭಾದಾಗ ಎದ್ದು ನಿಂತು ಕಂಡದ್ದೆಲ್ಲಾ ಹೇಳ್ತಾನ. ನಾಲಿಗಿ ಕರಗಂಗಿಲ್ಲ. ರಾಜ ಸಿಂಹಾಸನ ಇಳಿದು ಬಂದು ಅವನ್ನ ಅಪ್ಕೊಂತಾನ. ಮೂರಕ್ಕ ಬಿಡೋದನ್ನ ಶುಕ್ರವಾರ ಮುಂಜಾನೆ ಎಂಟಕ್ಕ ಬಿಟ್ಟೆ, ಹತ್ತರೊಳಗ ಆಕಿ ಕಿವಿಗೆ ಬೀಳ್ಲಿ ಅಂತ. ಸಾವ್ಕಾರ್ತಿ ಕೇಳ್ತಾರ ಅನ್ನೋದು ಗೊತ್ತಿದ್ದೂ ಬಿಟ್ಟೆ.

ಹತ್ತಾತು, ಹನ್ನೊಂದಾತು. ರೊಟ್ಟಿ ಬಡಿದೆ, ಪಲ್ಯ ಮಾಡಿದೆ, ಒಂದು ತುತ್ತು ಇಳೀಲಿಲ್ಲ. ಹನ್ನೆರಡೂವರಿಗೆ ಬಾಗಲು ಬಡಿದ್ರು. ಭರಮಕ್ಕ.

"ಹೋಗಿ ಬಂದೆ," ಅಂದ್ಲು, ಹೊಸ್ತಿಲ ಹೊರಗ ನಿಂತು. "ಹಾಲೇಶಪ್ಪ ನಡೆಸಿದ್ದ, ಮೂಕಣ್ಣ ಕಾರಿನ್ಯಾಗ ಇರಲಿಲ್ಲ ಅಂತ ಬರೆಸಿ ಹೆಬ್ಬಟ್ಟು ಒತ್ತಿ ಬಂದೆ."

ನನಗ ಉಸಿರು ಬಂತು. ಇಷ್ಟಕ್ಕ ಸುಮ್ಮನಿರಬೇಕೋ ಬ್ಯಾಡೋ? ಈ ಸುಡುಗಾಡು ಬಾಯಿ ಬಿಡಂಗಿಲ್ಲ. "ಮುಂಜಾನೆ ಕಥಿ ಕೇಳಿದ್ಯೇನು ಭರಮಕ್ಕ? ಅದಕ್ಕ ಧೈರ್ಯ ಬಂತೇನು?"

"ಯಾವ ಕಥಿ?" ಅಂದ್ಲು. "ಮಂಗಳವಾರದ್ದು ಕೇಳಿ ಮುಗಿಸಾಕಿಲ್ಲ, ಸಾವ್ಕಾರ್ತಿ ಬಂದು ನನ್ನ ಫೋನ್ ಕಸ್ಕೊಂಡ್ರು. ಮೂರು ದಿವ್ಸ ಹೊರಗ ಬಿಡ್ಲಿಲ್ಲ. ಶೈಲಜಾಗ ಹೇಳಿದಾಕಿ ನೀನ ಏನು ಅಂತ ಕೇಳಿದ್ರು. ಹೌದು, ತಪ್ಪು ನಂದು, ಆಕೀನ್ನ ಮನಿ ಬಿಡಿಸಬ್ಯಾಡ್ರಿ ಅಂದೆ. ಇವತ್ತು ತಾವಾ ಠಾಣಿಗೆ ಕರಕೊಂಡು ಹೋದ್ರು. ಮೂಕಣ್ಣನ ನಡೆಸಿದ್ದ ಅಂತ ಹೇಳ್ತಾಳ ಅನ್ಕೊಂಡಿದ್ರು."

ನಾಚಿಕಿಗೆ ನನ್ನ ಕಿವಿ ಬಿಸಿ ಆದುವು. ಆಕಿ ಗುಟ್ಟನ್ನ ನಾ ಬೀದಿಗೆ ಒಗದಿದ್ದೆ, ಆಕಿ ನನ್ನ ಮನಿ ಕಾಯಾಕತ್ತಿದ್ಲು.

"ಮತ್ತ ಉಪ್ಪಿನ ಆಣಿ?" ಅಂದೆ.

"ಅಡಿಗಿಮನ್ಯಾಗ ಕುಂತು ಅದನ್ನ ಯೋಚ್ನಿ ಮಾಡಿದೆ. ಇಪ್ಪತ್ತೆರಡು ವರ್ಷ ಅವ್ರ ಉಪ್ಪು ತಿಂದೆ, ಖರೆ. ಆದ್ರ ಸಾರಿಗೆ ಉಪ್ಪು ಹಾಕಿದಾಕಿ ನಾನ ಅಲ್ಲೇನು? ಆ ಹಾಲೇಶಪ್ಪನೂ ನನ್ನ ಕೈ ಉಪ್ಪು ತಿಂದಾನ, ಮೂಕಣ್ಣನೂ ತಿಂದಾನ. ಅವ್ರಿಗಿಲ್ಲದ ಆಣಿ ನನಗೊಬ್ಬಾಕಿಗೆ ಯಾಕ?" ಸೆರಗಿನಿಂದ ಮಾರಿ ಒರಸ್ಕೊಂಡ್ಲು. "ಅದಿರ್ಲಿ, ನಿನ್ನ ಕೆಂಚಬಂಟ ಏನ್ ಮಾಡಿದ?"

"ಹೇಳಿದ. ರಾಜ ಅಪ್ಕೊಂಡ."

ಭರಮಕ್ಕ ನಕ್ಕಳು. ಅಂಥಾ ನಗಿ ನೋಡೋಕಿಂತ ಅಳೋದು ನೋಡಬಹುದಿತ್ತು. "ಹುಚ್ಚಿ. ಯಾವ ರಾಜ ಅಪ್ಕೊಂತಾನ? ಮರುದಿವ್ಸ ಅವ ಎಲ್ಲಿ ಉಂಡ, ಅದನ್ನ ಹೇಳಬೇಕಿತ್ತು."

ಆಗ ಕಂಡೆ. ಆಕಿ ಕಾಲ ಹತ್ರ ಒಂದು ಟ್ರಂಕು, ಕೌದಿ ಸುತ್ತಿದ ಒಂದು ಗಂಟು. ಅವ್ರು ಬೀದಿಗೆ ಒಗದಿದ್ದಕ್ಕ ಟ್ರಂಕಿನ ಮುಚ್ಚಳ ನೆಗ್ಗಿತ್ತು. ಒಳಗ ಬಾ ಅನ್ನಾಕ ನಾಲಿಗಿ ಏಳಲಿಲ್ಲ. ನಮ್ಮನಿಯವ್ರ ಮಾತು, ಮಷಿನ್ನು, ಗಿರಾಕಿಗಳು, ಎಲ್ಲಿಗೆ ಹೋಗೋದು ಅನ್ನೋ ಚಿಂತಿ, ಎಲ್ಲಾ ಒಮ್ಮಿಗೆ ಬಂದು ಅಡ್ಡ ನಿಂತುವು. ಆಕಿ ನೋಡಿದ್ಲು, ತಿಳ್ಕೊಂಡ್ಲು, ಗಂಟು ಎತ್ಕೊಳ್ಳಾಕ ಬಗ್ಗಿದ್ಲು.

ಅಷ್ಟರಾಗ ಫೋನ್ ಬಡ್ಕೊಂತು. ಸಾವ್ಕಾರ್ತಿ.

"ಶೈಲಜಾ, ಭರಮಿ ನಿಮ್ಮ ಕಡೆ ಬಂದಾಳೇನು? ಆಕಿ ಆ ಮನಿ ಹೊಸ್ತಿಲು ದಾಟಿದ್ಲಂದ್ರ ಒಂದನೇ ತಾರೀಖಿಗೆ ನೀವೂ ಖಾಲಿ ಮಾಡ್ರಿ. ಬಂದಾಳೇನು ಹೇಳು."

ಹೊರಗ ಬಗ್ಗಿದ್ದ ಭರಮಕ್ಕನ್ನ ನೋಡಿದೆ.

"ಬಂದಾಳ್ರಿ," ಅಂದೆ. "ಒಳಗ ಉಣ್ಣಾಕ ಕುಂತಾಳ."

ಫೋನ್ ಇಟ್ಟೆ. ಭರಮಕ್ಕ ಗಂಟು ಕೈಯಾಗ ಹಿಡ್ಕೊಂಡು ಹೊರಗ ಬಿಸಿಲಾಗ ನಿಂತಾಳ.

"ನಾ ಎಲ್ಲಿ ಕುಂತೀನೆವ್ವ?" ಅಂದ್ಲು.

"ಕುಂದ್ರು ಮತ್ತ, ಜಲ್ದಿ," ಅಂದೆ. "ನನ್ನ ಸುಳ್ಳ ಮಾಡಬ್ಯಾಡ."