ಕುಶಾಲಪ್ಪನನ್ನು ಬಿಡಿಸಿದ್ದು ಯಾಕೆ

“ಕುಶಾಲಪ್ಪ ಎಲ್ಲಿ ಭಟ್ರೆ? ಈಗ ಕಾಣುದೇ ಇಲ್ಲ ಅವನು.”

ಪೈಪಿನ ಜಾಯಿಂಟುಗಳನ್ನು ಚೀಲಕ್ಕೆ ತುಂಬಿಸುತ್ತ ಹಕೀಮ್ ಕೇಳಿದ. ಸುಳ್ಯದ ಸುತ್ತಮುತ್ತ ಪಂಪ್ ಕೂರಿಸುವ, ರಿಪೇರಿ ಮಾಡುವ ಕೆಲಸ ಅವನದು. ಮಹಾಗಣಪತಿ ಭಟ್ಟರ ಪಂಪು ಪೈಪುಗಳ ಅಂಗಡಿಗೆ ಬಾರದ ದಿನ ಕಡಿಮೆ. ಭಟ್ಟರು ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಎದುರಿನ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ ಸುಜಯ್ ಮೊಬೈಲಿನಿಂದ ತಲೆಯೆತ್ತಿದ. ಅವನು ಪಂಪ್ ಕಂಪೆನಿಯ ಮಂಗಳೂರು ಆಫೀಸಿನವನು. ಯಾವ ಅಂಗಡಿಗೆ ಎಷ್ಟು ಮಾಲನ್ನು ಸಾಲಕ್ಕೆ ಕೊಡಬಹುದು ಎಂದು ತೀರ್ಮಾನಿಸುವವನು ಅವನೇ.

“ಹೌದಲ್ಲ, ನಿಮ್ಮ ಹಳೇ ಜನ ಎಲ್ಲಿ ಸರ್?” ಎಂದ ಸುಜಯ್.

“ಅವನನ್ನು ಬಿಡಿಸಿದೆ.”

“ಬಿಡಿಸಿದ್ದಾ? ಎಂತಕ್ಕೆ?” ಹಕೀಮ್ ನೆಟ್ಟಗಾದ.

“ಅದು... ಹೇಳುವಂಥ ವಿಷಯ ಅಲ್ಲ ಬಿಡು ಮಾರಾಯ.”

ಹಕೀಮ್ ಚೀಲದ ಬಾಯಿ ಕಟ್ಟಿದ. “ಓ,” ಎಂದ ಮೆಲ್ಲಗೆ. “ಹಾಗಾ ವಿಷಯ.” ಮತ್ತೆ ಏನೂ ಕೇಳದೆ ಚೀಲ ಹೆಗಲಿಗೇರಿಸಿ ಇಳಿದು ಹೋದ. ಅವನು ಏನೆಂದುಕೊಂಡ ಎಂಬುದು ಭಟ್ಟರಿಗೆ ಆ ಕ್ಷಣವೇ ತಿಳಿಯಿತು. ಕೂಗಿ ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿ, ರಸ್ತೆಯ ಬದಿಯಲ್ಲೇ ಅವನು ಚೀಲವನ್ನು ಬೈಕಿಗೆ ಕಟ್ಟುತ್ತಿದ್ದ. ಭಟ್ಟರು ಸುಜಯನ ಕಡೆ ತಿರುಗಿ, “ಈ ಸಲ ಹೊಸ ಮಾಡೆಲ್ ಯಾವುದು ಬಂತು?” ಎಂದು ಕೇಳಿದರು.

ಕುಶಾಲಪ್ಪ ಅಂಗಡಿ ಶುರುವಾದ ಮರುವರ್ಷವೇ ಸೇರಿದವನು. ಭಟ್ಟರ ತಾಯಿ ತೀರಿಕೊಂಡಾಗ ಸೂತಕ ಕಳೆಯುವವರೆಗೆ ಅಂಗಡಿಯ ಬೀಗದ ಕೈ ಅವನ ಹತ್ತಿರವೇ ಇತ್ತು. ಆದರೆ ಎರಡು ಮೂರು ವರ್ಷಗಳಿಂದ ವ್ಯಾಪಾರ ಹಿಂದಿನಂತಿರಲಿಲ್ಲ. ಪುತ್ತೂರಿನ ದೊಡ್ಡ ಅಂಗಡಿಗಳು ಗಿರಾಕಿಗಳ ಮನೆಯ ಗೇಟಿನ ತನಕ ಮಾಲು ತಂದು ಇಳಿಸುತ್ತಿದ್ದವು. ಉಳಿದವರು ಮೊಬೈಲಿನಲ್ಲೇ ತರಿಸಿಕೊಳ್ಳುತ್ತಿದ್ದರು. ಕನಿಷ್ಠ ವೇತನ ಮಾತ್ರ ಏರುತ್ತಲೇ ಇತ್ತು. ಕಾರ್ಮಿಕ ಇಲಾಖೆಯವರು ಒಮ್ಮೆ ಬಂದು, ಕೊಡುವ ಸಂಬಳ ಸಾಲದು ಎಂದು ಎಚ್ಚರಿಸಿ ಹೋಗಿದ್ದರು. ಅದರ ಮೇಲೆ ಬೋನಸ್ಸು, ವಿಮೆ, ಬಾಡಿಗೆ. “ಇಷ್ಟು ಜನರನ್ನು ಇಟ್ಟುಕೊಳ್ಳುವ ತಾಕತ್ತು ಈ ಅಂಗಡಿಗಿಲ್ಲ. ಸಂಬಳ ಜಾಸ್ತಿ ಇರುವವನನ್ನು ಬಿಡಿಸಿ, ಹುಡುಗರು ಸಾಕು,” ಎಂದು ಪುತ್ತೂರಿನ ಆಡಿಟರು ಕಡ್ಡಿ ಮುರಿದಂತೆ ಹೇಳಿದ್ದರು.

ಒಂದು ಶನಿವಾರ ಶಟರ್ ಎಳೆಯುವ ಮೊದಲು ಭಟ್ಟರು ಕುಶಾಲಪ್ಪನನ್ನು ಹತ್ತಿರ ಕೂರಿಸಿಕೊಂಡು ವಿಷಯ ಹೇಳಿದರು. ಅವನು ಕೈಯಲ್ಲಿದ್ದ ಬಟ್ಟೆಯ ಚೂರಿನಿಂದ ಬೆರಳುಗಳ ಗ್ರೀಸನ್ನು ಒರೆಸುತ್ತ ಕೇಳಿದ. ಒರೆಸಿದ ಬೆರಳನ್ನೇ ಮತ್ತೆ ಒರೆಸಿದ.

“ನನ್ನಿಂದ ಎಂತಾದ್ರೂ ತಪ್ಪಾಯ್ತಾ ಭಟ್ರೆ?”

“ಛೆ, ಇಲ್ಲ ಮಾರಾಯ. ನನ್ನಿಂದ ಆಗುದಿಲ್ಲ, ಅಷ್ಟೇ. ಸಂಬಳ ಕೊಡ್ಲಿಕ್ಕೆ ಹುಟ್ಟುದಿಲ್ಲ.” ಭಟ್ಟರು ಸ್ವರ ತಗ್ಗಿಸಿ, “ಆದ್ರೆ ಒಂದು ವಿಷಯ ಕುಶಾಲಪ್ಪ,” ಎಂದರು. “ಅಂಗಡಿ ಈ ಸ್ಥಿತಿಯಲ್ಲುಂಟು ಅಂತ ಪೇಟೆಯಲ್ಲಿ ಗೊತ್ತಾಗುದು ಬೇಡ. ಕಂಪೆನಿಯವರ ಕಿವಿಗೆ ಬಿದ್ದರೆ ಸಾಲಕ್ಕೆ ಮಾಲು ಕೊಡುದು ನಿಲ್ಲಿಸ್ತಾರೆ. ಮತ್ತೆ ನಾನು ಬಾಗಿಲು ಹಾಕುದೇ.”

“ನನ್ನ ಬಾಯಿಂದ ಬರುದಿಲ್ಲ,” ಎಂದ ಕುಶಾಲಪ್ಪ. ಕೊಡಬೇಕಾದ್ದನ್ನೆಲ್ಲ ಭಟ್ಟರು ಕೊಟ್ಟರು. ಅವನು ಎಂದಿನಂತೆ ಶಟರ್ ಎಳೆದು, ಬೀಗ ಹಾಕಿ, ಕೀಲಿಯನ್ನು ಅವರ ಕೈಗಿತ್ತು ಐವರ್ನಾಡಿನ ಬಸ್ಸು ಹಿಡಿಯಲು ಹೋದ.

ಹಕೀಮ್ ಕೆಟ್ಟ ಮನುಷ್ಯನಲ್ಲ. ಅವನು ಯಾರ ಹತ್ತಿರ ಏನು ಹೇಳಿದನೋ, ಹೇಳಿದನೋ ಇಲ್ಲವೋ. ಆದರೆ ‘ಹೇಳುವಂಥ ವಿಷಯ ಅಲ್ಲ’ ಎಂಬ ಮಾತು ಪೇಟೆಯಲ್ಲಿ ಸುತ್ತಾಡಿ ಹಿಂತಿರುಗುವಾಗ ಕೈಕಾಲು ಪಡೆದಿತ್ತು. ಕುಶಾಲಪ್ಪ ಪಂಪುಗಳನ್ನು ಹೊರಗೆ ಸಾಗಿಸುತ್ತಿದ್ದನಂತೆ. ಭಟ್ಟರು ಮರ್ಯಾದಸ್ಥರು, ಪೊಲೀಸಿಗೆ ಕೊಡದೆ ಬಿಟ್ಟರಂತೆ. ಇದನ್ನು ಗಿರಾಕಿಯೊಬ್ಬರು ಭಟ್ಟರ ಎದುರೇ, ಅವರ ಒಳ್ಳೆಯತನವನ್ನು ಹೊಗಳುವಂತೆ ಹೇಳಿದರು. “ಹಾಗೆಂತ ಇಲ್ಲ,” ಎಂದರು ಭಟ್ಟರು. ಗಿರಾಕಿ ನಕ್ಕರು. “ನೀವು ಹೇಳುದಿಲ್ಲ ಅಂತ ನನಗೆ ಗೊತ್ತುಂಟು,” ಎಂದರು. ಭಟ್ಟರು ಬಿಲ್ಲು ಬರೆಯತೊಡಗಿದರು.

ಬೆಳ್ಳಾರೆಯಲ್ಲಿ ಹೊಸದಾಗಿ ಹಾರ್ಡ್‌ವೇರ್ ಅಂಗಡಿ ಇಟ್ಟ ಶುಕೂರ್ ಒಂದು ಬೆಳಿಗ್ಗೆ ಫೋನ್ ಮಾಡಿದ.

“ಭಟ್ರೆ, ನಿಮ್ಮ ಕುಶಾಲಪ್ಪ ಕೆಲಸ ಕೇಳಿಕೊಂಡು ಬಂದಿದ್ದ. ನನಗೂ ಜನ ಬೇಕಿತ್ತು. ಅಲ್ಲಿ ಯಾಕೆ ಬಿಟ್ಟದ್ದು ಅಂತ ಕೇಳಿದ್ರೆ ಮಾತೇ ಆಡುದಿಲ್ಲ ಅವನು. ಅದಕ್ಕೆ ನಿಮ್ಮನ್ನೇ ಕೇಳುವ ಅಂತ.”

ಆ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ. ಆದರೆ ಶುಕೂರ್ ಅದೇ ಕಂಪೆನಿಯ ಪಂಪು ಮಾರುವವನು. ಸುಜಯ್ ಅವನಲ್ಲಿಗೂ ಹೋಗುತ್ತಾನೆ, ಚಹಾ ಕುಡಿಯುತ್ತಾನೆ.

“ಕೆಲಸ ಎಲ್ಲ ಗೊತ್ತುಂಟು ಅವನಿಗೆ,” ಎಂದರು ಭಟ್ಟರು.

“ಅದು ಗೊತ್ತುಂಟು. ನಂಬಬಹುದಾ?”

ಭಟ್ಟರು ಕಿವಿಯಿಂದ ಕಿವಿಗೆ ಫೋನ್ ಬದಲಿಸಿದರು. ಅಷ್ಟು ಸಾಕಾಯಿತು.

“ಗೊತ್ತಾಯ್ತು ಭಟ್ರೆ, ಫೋನ್ ಇಡ್ತೇನೆ,” ಎಂದ ಶುಕೂರ್.

ಹಾಗಲ್ಲ ಎಂದು ಹೇಳಲು ಅವರು ಮತ್ತೆ ನಂಬರು ತೆಗೆದರು. ಮಧ್ಯಾಹ್ನ ಊಟದ ಮೇಲೆ ಮಾಡಿದರಾಯಿತು ಎಂದುಕೊಂಡರು. ಊಟ ರುಚಿಸಲಿಲ್ಲ. ಹೆಂಡತಿ ಹುಷಾರಿಲ್ಲವಾ ಎಂದು ಕೇಳಿದಾಗ ಸೆಕೆಯ ಮೇಲೆ ಹಾಕಿದರು. ಮಧ್ಯಾಹ್ನದ ಮೇಲೂ ಫೋನ್ ಮಾಡಲಿಲ್ಲ.

ಕುಶಾಲಪ್ಪನ ಮಗಳು ಅಪೇಕ್ಷಾ ಅಂಗಡಿಗೆ ಬಂದಾಗ ನಾಲ್ಕೈದು ಜನ ಗಿರಾಕಿಗಳಿದ್ದರು. ಹಳೆಯ ಬಾಕಿಯ ಮಾತಿಗೆಂದು ಬಂದಿದ್ದ ಸುಜಯನೂ ಇದ್ದ. ಬಿ.ಎಡ್. ಓದುತ್ತಿದ್ದ ಹುಡುಗಿ, ಕಾಲೇಜಿನಿಂದ ನೇರವಾಗಿ ಬಂದಂತಿತ್ತು, ಬೆನ್ನಿಗೆ ಬ್ಯಾಗಿತ್ತು. ಸಣ್ಣವಳಿದ್ದಾಗ ಅಪ್ಪನ ಜೊತೆ ಬಂದು ಪೈಪಿನ ತುಂಡುಗಳಲ್ಲಿ ಆಡುತ್ತಿದ್ದವಳು. “ಬಾ ಮಗಾ,” ಎಂದರು ಭಟ್ಟರು ಅಭ್ಯಾಸಬಲದಿಂದ.

“ನಮ್ಮ ಅಪ್ಪ ಎಂತ ಕದ್ದದ್ದು ಮಾವ?” ಎಂದು ಕೇಳಿದಳು ಅವಳು. ಸ್ವರ ತಗ್ಗಿರಲಿಲ್ಲ. “ಎಷ್ಟು ಪಂಪು ಅಂತ ಹೇಳಿ. ಹೇಗಾದ್ರೂ ತಂದು ಕೊಡ್ತೇವೆ.”

ಗಿರಾಕಿಗಳು ಅವಳ ಕಡೆ ತಿರುಗಿದರು.

“ಒಳಗೆ ಬಾ, ಕೂತು ಮಾತಾಡುವ...”

“ಬೇಡ. ಶುಕೂರಣ್ಣ ಕೆಲಸ ಇಲ್ಲ ಅಂದ್ರು. ಮತ್ತೆರಡು ಕಡೆಯೂ ಹಾಗೇ ಆಯ್ತು. ಅಪ್ಪನ ಹತ್ರ ಕೇಳಿದ್ರೆ ಬಾಯಿ ಬಿಡುದಿಲ್ಲ. ಈಗ ಅಮ್ಮನೂ ಸುಮ್ಮನಾಗಿದ್ದಾರೆ. ಮೊದಲು ಬರೀ ಸುಳ್ಳು ಅಂತ ಹೇಳ್ತಿದ್ರು, ಈಗ ಅದನ್ನೂ ಹೇಳುದಿಲ್ಲ. ನಾನಾದ್ರೂ ಎಂತ ತಿಳ್ಕೊಳ್ಳುದು? ನೀವೇ ಹೇಳಿ.”

ಭಟ್ಟರು ಎದ್ದು ನಿಂತರು. ಸುಜಯ್ ತಮ್ಮನ್ನೇ ನೋಡುತ್ತಿದ್ದಾನೆ ಎಂಬುದು ಅವನ ಕಡೆ ನೋಡದೆಯೂ ಗೊತ್ತಾಗುತ್ತಿತ್ತು. ‘ಆಮೇಲೆ ಹೇಳ್ತೇನೆ’ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಹುಡುಗಿ ಕಣ್ಣೊರೆಸಿಕೊಳ್ಳದೆ ಕಾಯುತ್ತಿದ್ದಳು.

“ಅವನು ಎಂತದ್ದೂ ಕದಿಯಲಿಲ್ಲ,” ಎಂದರು ಭಟ್ಟರು.

“ಮತ್ತೆ ಬಿಡಿಸಿದ್ದು ಯಾಕೆ?”

“ಸಂಬಳ ಕೊಡ್ಲಿಕ್ಕೆ ನನ್ನ ಹತ್ರ ಇರಲಿಲ್ಲ.” ಅವರು ಮುಂದುವರಿಸಿದರು. “ಅಂಗಡಿ ನಡೆಯುದಿಲ್ಲ. ಅದು ಯಾರಿಗೂ ಗೊತ್ತಾಗುದು ಬೇಡ ಅಂತ ನಾನೇ ಅವನ ಹತ್ರ ಮಾತು ತೆಗೆದುಕೊಂಡದ್ದು. ಅದಕ್ಕೇ ಅವನು ಹೇಳುದಿಲ್ಲ.”

ಅಪೇಕ್ಷಾಳ ಮುಖ ಸಡಿಲಾಗುತ್ತದೆ ಎಂದು ಭಟ್ಟರು ತಿಳಿದಿದ್ದರು. ಆಗಲಿಲ್ಲ. “ಜನ ಅಪ್ಪನನ್ನು ಕಳ್ಳ ಅಂತ ಹೇಳುದು ನಿಮಗೆ ಗೊತ್ತಿತ್ತಾ?” ಎಂದಳು.

“ಗೊತ್ತಿತ್ತು.”

ಅವಳು ಬ್ಯಾಗಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಇದನ್ನು ಮನೆಗೆ ಬಂದು ಅಮ್ಮನ ಹತ್ರ ಹೇಳಿ,” ಎಂದಳು.

ಭಟ್ಟರ ಕಾರಿನಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕೂತಳು. ಸೋಣಂಗೇರಿ ದಾಟಿದ ಮೇಲೆ ದಾರಿ ತೋರಿಸಲಷ್ಟೇ ಅವಳು ಬಾಯಿ ತೆರೆದಳು. ಇಷ್ಟು ವರ್ಷಗಳಲ್ಲಿ ಭಟ್ಟರು ಆ ಮನೆಗೆ ಬಂದದ್ದು ಗೃಹಪ್ರವೇಶಕ್ಕೆ ಒಮ್ಮೆ ಮಾತ್ರ.

ಕುಶಾಲಪ್ಪ ಮನೆಯ ಹಿಂದಿನ ಚಪ್ಪರದಲ್ಲಿ ರಬ್ಬರ್ ಶೀಟು ಒತ್ತುತ್ತಿದ್ದ. ನೆರೆಯವರ ರಬ್ಬರ್ ಮರಗಳಿಂದ ಹಾಲು ಇಳಿಸುವ ಟ್ಯಾಪಿಂಗ್ ಕೆಲಸವನ್ನು ಪಾಲಿಗೆ ಹಿಡಿದಿದ್ದನಂತೆ. ರೋಲರಿನ ಹಿಡಿ ತಿರುಗಿಸುತ್ತಿದ್ದವನು ಭಟ್ಟರನ್ನು ಕಂಡು ಗಡಿಬಿಡಿಯಿಂದ ಅಂಗಿ ಹುಡುಕಿದ. ಹೆಂಡತಿ ಯಮುನಾ ಹಾಲು ಹೆಪ್ಪುಗಟ್ಟಿಸುವ ಟ್ರೇಗಳನ್ನು ತೊಳೆಯುತ್ತಿದ್ದವಳು ಸೆರಗು ಸರಿಪಡಿಸಿಕೊಂಡು ಎದ್ದಳು. “ಬನ್ನಿ” ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಕದ್ದ ಮಾಲನ್ನು ಹುಡುಕಲು ಬಂದವರನ್ನು ನೋಡುವಂತೆ ಅವಳು ಭಟ್ಟರನ್ನು ನೋಡುತ್ತಿದ್ದಳು.

ಅಂಗಡಿಯಲ್ಲಿ ಹೇಳಿದ್ದನ್ನೇ ಅವರು ಇಲ್ಲಿಯೂ ಹೇಳಿದರು. ಎರಡನೆಯ ಸಲ ಸುಲಭವಾಗಬೇಕಿತ್ತು, ಆಗಲಿಲ್ಲ. ಶುಕೂರನ ಫೋನಿನ ವಿಷಯವನ್ನೂ ಬಿಡದೆ ಹೇಳಿದರು.

“ನೀನೆಂತಕ್ಕೆ ಅಂಗಡಿಗೆ ಹೋದದ್ದು?” ಎಂದು ಕುಶಾಲಪ್ಪ ಮೊದಲು ಮಗಳ ಮೇಲೆ ಸಿಟ್ಟಾದ. “ಹೇಳುದಿಲ್ಲ ಅಂತ ನಾನು ಮಾತು ಕೊಟ್ಟಿದ್ದೆ. ಇವರ ಅಂಗಡಿಯ ಗತಿ ಎಂತ ಇನ್ನು?”

“ಅಂಗಡಿ ಇರ್ಲಿ ಕುಶಾಲಪ್ಪ,” ಎಂದರು ಭಟ್ಟರು.

ಯಮುನಾ ಟ್ರೇಯನ್ನು ಕೆಳಗಿಟ್ಟಳು. “ನಾನು ಅಟ್ಟದಲ್ಲಿ ಹುಡುಕಿದೆ ಭಟ್ರೆ,” ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ. “ಇವರು ಟ್ಯಾಪಿಂಗಿಗೆ ಹೋದ ಮೇಲೆ. ಸೌದೆ ಕೊಟ್ಟಿಗೆಯಲ್ಲೂ ಹುಡುಕಿದೆ. ಪಂಪು ಅಡಗಿಸಿ ಇಟ್ಟಿದ್ದಾರೋ ಅಂತ.”

ಕುಶಾಲಪ್ಪ ಹೆಂಡತಿಯ ಕಡೆ ತಿರುಗಿದ. ಅವನಿಗೆ ಇದು ಗೊತ್ತಿರಲಿಲ್ಲ. ಪೇಟೆಯವರ ಮಾತನ್ನು ತಡೆದುಕೊಂಡಿದ್ದವನ ಮುಖ ಈಗ ಒಮ್ಮೆಲೇ ಮುದಿಯಾದಂತೆ ಕಂಡಿತು. ಯಮುನಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು, ಅವಳ ಹಿಂದೆ ಮಗಳೂ ಹೋದಳು.

“ನನ್ನದು ತಪ್ಪಾಯ್ತು,” ಎಂದರು ಭಟ್ಟರು.

“ಇರ್ಲಿ ಭಟ್ರೆ,” ಎಂದ ಕುಶಾಲಪ್ಪ. “ನೀವಿನ್ನು ಹೊರಡಿ. ಹಾಲು ತೀರಾ ಗಟ್ಟಿಯಾದ್ರೆ ಮತ್ತೆ ಒತ್ತಲಿಕ್ಕೆ ಕಷ್ಟ.” ಅವನು ಅಂಗಿ ಕಳಚಿ ಗೂಟಕ್ಕೆ ಹಾಕಿ ರೋಲರಿನ ಹಿಡಿಗೆ ಕೈ ಹಚ್ಚಿದ.

ಭಟ್ಟರು ಅಲ್ಲಿಂದ ನೇರವಾಗಿ ಬೆಳ್ಳಾರೆಗೆ ಹೋದರು. ಶುಕೂರನ ಅಂಗಡಿಯ ಮೆಟ್ಟಿಲಲ್ಲಿ ನಿಂತು, ಒಳಗಿದ್ದವರಿಗೆಲ್ಲ ಕೇಳಿಸುವಂತೆ ವಿಷಯ ಹೇಳಿದರು. ಶುಕೂರ್ ತಲೆ ತಗ್ಗಿಸಿ ಕೇಳಿಸಿಕೊಂಡ. “ಮೊನ್ನೆಯೇ ಬೇರೆ ಜನ ಮಾಡಿಯಾಯ್ತಲ್ಲ ಭಟ್ರೆ,” ಎಂದ. “ಅವತ್ತು ಫೋನಲ್ಲಿ ಇಷ್ಟೇ ಹೇಳಿದ್ರೆ ಸಾಕಿತ್ತು.”

ಪೇಟೆ ಹೊಸ ಸುದ್ದಿಯನ್ನು ಹಳೆಯದರಷ್ಟು ಚುರುಕಾಗಿ ಹೊತ್ತು ತಿರುಗಲಿಲ್ಲ. ಹಕೀಮನಿಗೂ ಭಟ್ಟರೇ ಕರೆದು ಹೇಳಬೇಕಾಯಿತು. ಅವನು ಕೇಳಿ, “ನಾನೂ ನಂಬಿದೆನಲ್ಲ ಮಾರಾಯ್ರೆ,” ಎಂದ. ಭಟ್ಟರು ಹೆದರಿದಷ್ಟು ಸುಜಯ್ ಕಠಿಣನಾಗಲಿಲ್ಲ. ಸಾಲಕ್ಕೆ ಬರುವ ಮಾಲು ಅರ್ಧಕ್ಕಿಳಿಯಿತು, ಅಷ್ಟೇ. ಅಂಗಡಿ ಮುಚ್ಚಲಿಲ್ಲ, ಕುಂಟುತ್ತ ನಡೆಯಿತು.

ಮಳೆಗಾಲಕ್ಕೆ ಮೊದಲು ಒಂದು ದಿನ ಕುಶಾಲಪ್ಪ ಬಂದ. ರಬ್ಬರ್ ಹಾಲಿನ ಕಪ್ಪುಗಳನ್ನು ಮರಕ್ಕೆ ಕಟ್ಟಲು ಕಬ್ಬಿಣದ ಸರಿಗೆ ಬೇಕಾಗಿತ್ತು. ಭಟ್ಟರು ತಟ್ಟನೆ ಎದ್ದು ಕೌಂಟರಿನ ಮಡಚುವ ಹಲಗೆಯನ್ನು ಮೇಲೆತ್ತಿ ದಾರಿ ಮಾಡಿದರು.

“ಬಾ, ಒಳಗೆ ಬಾ. ಯಾವುದು ಬೇಕೋ ನೀನೇ ನೋಡಿ ತೆಗೆದುಕೋ.”

“ಇಲ್ಲೇ ಆದೀತು ಭಟ್ರೆ,” ಎಂದ ಕುಶಾಲಪ್ಪ. “ತೆಳುವಿನದ್ದು, ಅರ್ಧ ಕಿಲೋ ಸಾಕು.”

ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ. ಕುಶಾಲಪ್ಪ ಅವನಿಗೆ ಜಾಗ ಬಿಟ್ಟುಕೊಟ್ಟು ಒಂದು ಬದಿಗೆ ಸರಿದು, ತನ್ನ ಸರದಿಗಾಗಿ ರಸ್ತೆಯ ಕಡೆ ನೋಡುತ್ತ ನಿಂತ. ಭಟ್ಟರು ಎತ್ತಿದ ಹಲಗೆಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದರು.