ಮಾರಾಟಕ್ಕಿಟ್ಟ ದೋಣಿ

ಅವಳು ದಡಕ್ಕೇರಿಸಿದ್ದ, ಹೊಸದಾಗಿ ನೀಲಿ ಬಣ್ಣ ಹೊಡೆದ ದೋಣಿಯ ಹೊಟ್ಟೆಗೆ ಕಿವಿಯಿಟ್ಟು, ಮರದ ಸುತ್ತಿಗೆಯಿಂದ ಒಂದೊಂದೇ ಹಲಗೆಯನ್ನು ಬಡಿದು ನೋಡುತ್ತಿದ್ದಳು. ಬಡಿಯುವುದು, ತುಸು ನಿಲ್ಲುವುದು, ಒಂದು ಗೇಣು ಮುಂದೆ ಸರಿಯುವುದು. ಕೊಳೆತ ಮರ ಮಂಕಾಗಿ ಸದ್ದು ಮಾಡುತ್ತದೆ, ಗಟ್ಟಿ ಮರ ಟಣ್ ಎನ್ನುತ್ತದೆ. ಈ ದೋಣಿ ಮೂತಿಯಿಂದ ಹಿಂಬದಿಯವರೆಗೂ ಟಣ್ ಎಂದಿತು. ಅವಳು ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಕೈಗೆ ಅಂಟಿದ ಧೂಳು ಕೊಡವಿದಳು.

ಬಂದರಿನಲ್ಲಿ ಅವಳಿಗೆ ಮೂರು ದೋಣಿಯಮ್ಮ ಎಂದೇ ಹೆಸರು. ನಾಲ್ಕನೆಯದನ್ನು ಹುಡುಕುತ್ತಿದ್ದಳು. ಇನ್ನು ಹೆಸರು ಬದಲಾಯಿಸಬೇಕಾಗುತ್ತಲ್ಲ ಎಂದು ದಲ್ಲಾಳಿ ನಗೆಯಾಡಿದ್ದಕ್ಕೆ ಅವಳು ನಕ್ಕಿರಲಿಲ್ಲ.

"ಮರ ಚೆನ್ನಾಗಿದೆ ಯಜಮಾನ್ರೇ," ಎಂದಳು. "ಒಂದು ವಾರ ನೀರಲ್ಲಿರಲಿ. ಸರಿ ಇದ್ರೆ ನೀವು ಹೇಳಿದ ರೇಟಿಗೇ ತಗೋತೀನಿ. ಚೌಕಾಸಿ ಇಲ್ಲ."

"ಒಂದು ವಾರ ಯಾಕಮ್ಮಾ, ಒಂದು ತಿಂಗಳು ಇಡಿ. ಒಳಗೆ ಒಂದು ಹನಿ ಬಂದ್ರೆ ಈ ಮೀಸೆ ಬೋಳಿಸ್ಕೋತೀನಿ."

ದೋಣಿಯ ಒಡೆಯನಿಗೆ ಬಂದರಿನವರು ಇಟ್ಟ ಹೆಸರು ಗುಡುಗು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಒಳಗೊಳಗೇ ಅದರ ಬಗ್ಗೆ ಹೆಮ್ಮೆಯೂ ಇತ್ತು. ಇಪ್ಪತ್ತಾರು ವರ್ಷ ಈ ದೋಣಿಯ ಚುಕ್ಕಾಣಿ ಹಿಡಿದು ಎಡಭುಜ ಕೆಟ್ಟಿತ್ತು. ಕೈ ಹೆಗಲ ಮೇಲಕ್ಕೆ ಏಳುತ್ತಿರಲಿಲ್ಲ. ಇನ್ನು ಕಡಲಿಗೆ ಹೋಗಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಒಳ್ಳೆಯ ಬೆಲೆ ಸಿಕ್ಕರೆ ಬಂದರಿನ ಗೇಟಿನ ಪಕ್ಕ ಬಲೆ, ಹಗ್ಗದ ಅಂಗಡಿ ಹಾಕುವುದು ಅವನ ಲೆಕ್ಕ. ಸಿಗದಿದ್ದರೆ ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂರುವುದು. ನಡುವೆ ಬೇರೆ ದಾರಿ ಇರಲಿಲ್ಲ.

ದೋಣಿಯನ್ನು ಮೊದಲು ಕೇಳಿದವನು ಹೆಂಡತಿಯ ತಮ್ಮ. ಅದೂ ಎಂಟು ತಿಂಗಳ ಹಿಂದೆ. ಹದಿನಾಲ್ಕು ವರ್ಷ ಅದೇ ದೋಣಿಯಲ್ಲಿ ದುಡಿದವನು, ಬಲೆ ಎಳೆದವನು, ಪ್ರತಿವರ್ಷ ದೋಣಿ ದಡಕ್ಕೇರಿದಾಗ ಅದರ ಕೆಳಗೆ ಅಂಗಾತ ಮಲಗಿ ಹಲಗೆಯ ಸಂದುಗಳನ್ನು ತುಂಬಿದವನು. ಒಂದು ಸಂಜೆ ಮೀನು ಇಳಿಸಿ ಮುಗಿದ ಮೇಲೆ ತಲೆ ಕೆರೆದುಕೊಳ್ಳುತ್ತ ಒಂದು ಮೊತ್ತ ಹೇಳಿದ. ದಲ್ಲಾಳಿ ಹೇಳಿದ್ದಕ್ಕಿಂತ ಅದು ಕಾಲು ಭಾಗ ಕಡಿಮೆ. ಅಷ್ಟೇ ಆಗೋದು ಬಾವ, ಎಂದ. ಗುಡುಗು ತೂಕದ ಕಟ್ಟೆಯ ಮೇಲೆ ನಿಂತು, ಇಪ್ಪತ್ತು ಜನರ ಎದುರಿಗೆ, ಅವನ ಹುಟ್ಟು ಬುಡವನ್ನೆಲ್ಲ ಜಾಲಾಡಿದ. ಅನ್ನ ಹಾಕಿದವನ ಮನೆಗೇ ಕನ್ನ ಹಾಕೋಕೆ ಬಂದೆಯಾ ಎಂದ. ಬಾವಮೈದುನ ಬುಟ್ಟಿಯನ್ನು ಬೋರಲು ಹಾಕಿ, ಕಾಲು ತೊಳೆದುಕೊಂಡು ಹೊರಟುಹೋದ. ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ. ಆಮೇಲೆಂದೂ ಬರಲಿಲ್ಲ.

ದಲ್ಲಾಳಿ ಬುದ್ಧಿ ಹೇಳಿದ: ದೋಣಿಯನ್ನು ಮೇಲಕ್ಕೆತ್ತಿಸಿ, ಇಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಿ, ಬಣ್ಣ ಹೊಡೆಸಿ, ಅವಸರ ಬೇಡ. ಮದುವೆಗೆ ಬಂದ ಹುಡುಗಿ ಮನೇಲಿದ್ರೆ ಗಂಡುಗಳು ತಾವೇ ಬರ್ತಾವೆ, ಎಂದ. ಬಂದರು. ನಾಲ್ಕು ಜನ ಬಂದು ನೋಡಿ, ನಾಲ್ಕು ಬೆಲೆ ಕೇಳಿದರು. ನಾಲ್ವರನ್ನೂ ಗುಡುಗು ಬೈದು ಕಳಿಸಿದ. ಅಷ್ಟರಲ್ಲಿ ಎಂಟು ತಿಂಗಳ ಬಿಸಿಲು ಕುಡಿದ ಮರ ಒಣಗಿ ಸುಕ್ಕಾಗಿ, ಹಲಗೆ ಹಲಗೆಯ ನಡುವೆ ಕಿರುಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಒಳಗೆ ಕೂತರೆ ಪಟ್ಟಿ ಪಟ್ಟಿ ಬಿಸಿಲು ಕಾಣುತ್ತಿತ್ತು.

ಸಂದು ತುಂಬುವ ಕೆಲಸ ಗುಡುಗಿಗೆ ಬರುತ್ತಿರಲಿಲ್ಲ. ಅದು ನೆಲದಲ್ಲಿ ಹೊರಳಾಡುವವರ ಕೆಲಸ, ಚುಕ್ಕಾಣಿ ಹಿಡಿಯುವವನದಲ್ಲ ಎಂದು ಅವನು ನಂಬಿದ್ದ. ಬಾವಮೈದುನ ಹತ್ತಿಯ ಹುರಿಯನ್ನು ಸಂದಿಗೆ ತುರುಕಿ, ಅದರ ಮೇಲೆ ಎಣ್ಣೆ, ಸೀಮೆಸುಣ್ಣ ಕಲಸಿದ ಮೆತ್ತನೆಯ ಪುಟ್ಟಿ ಒತ್ತುತ್ತಿದ್ದುದನ್ನು ನೋಡಿದ್ದನಷ್ಟೆ. ವರ್ಷ ವರ್ಷ ಮಾಡುವ ಆ ಕೆಲಸ ಅವನಿಗೆ ಬಡತನದ ತೇಪೆಯಂತೆ ಕಂಡಿತ್ತು. ಬಣ್ಣದಂಗಡಿಗೆ ಹೋಗಿ, ಇರುವುದರಲ್ಲೇ ಗಟ್ಟಿಯಾದದ್ದು ಕೊಡು ಎಂದ. ಅಂಗಡಿಯವನು ಎರಡು ಬಗೆಯ ಡಬ್ಬಿಗಳನ್ನು ಕೊಟ್ಟ. ಎರಡನ್ನೂ ಕಲಸಿ ತುಂಬಿದರೆ ಒಂದು ಗಂಟೆಯಲ್ಲಿ ಕಲ್ಲಾಗುವಂಥದ್ದು. ಉಳಿ ಹಚ್ಚಿದರೂ ಏಳುವುದಿಲ್ಲ ಎಂದು ಅಂಗಡಿಯವನು ಹೇಳಿದ ಮಾತು ಸುಳ್ಳಾಗಿರಲಿಲ್ಲ.

ಕೆಟ್ಟ ಭುಜದಲ್ಲೇ ಒಂಬತ್ತು ದಿನ ಕೂತು ಗುಡುಗು ಎಲ್ಲ ಸಂದುಗಳನ್ನೂ ತುಂಬಿದ. ಉಪ್ಪುಕಾಗದ ಹಾಕಿ ಉಜ್ಜಿದ. ಮೇಲೆ ಎರಡು ಕೈ ನೀಲಿ ಬಣ್ಣ ಹೊಡೆದ. ದೋಣಿ ಒಂದೇ ಮರದಲ್ಲಿ ಕೊರೆದು ಮಾಡಿದಂತೆ ಕಂಡಿತು. ಹೆಂಡತಿಯನ್ನು ಕರೆತಂದು ತೋರಿಸಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೋಡಿದಳು. ಚೆನ್ನಾಗಿದೆ ಎಂದಳು. ಅವಳ ದನಿ ಸಣ್ಣಗಿದ್ದುದನ್ನು ಅವನು ಗಮನಿಸಲಿಲ್ಲ. ಗಮನಿಸುವ ಅಭ್ಯಾಸ ಅವನಿಗಿರಲಿಲ್ಲ.

ಕ್ರೇನು ದೋಣಿಯನ್ನು ನೀರಿಗಿಳಿಸಿದ ದಿನ ಒಳಗೆ ಒಂದು ಹನಿ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಮೂರು ದೋಣಿಯಮ್ಮ ಬಂದು, ತಳದ ಹಲಗೆ ಎತ್ತಿ ಕೈಯಾಡಿಸಿ, ಒದ್ದೆಯಾಗದ ಬೆರಳುಗಳನ್ನು ನೋಡಿಕೊಂಡು ತಲೆದೂಗಿ ಹೋದಳು. ದಲ್ಲಾಳಿ ತನ್ನ ಕಮಿಷನ್ನಿನಲ್ಲಿ ಏನೇನು ಕೊಳ್ಳಬೇಕೆಂದು ಕೇಳಿದವರಿಗೆಲ್ಲ ಹೇಳತೊಡಗಿದ. ಗುಡುಗು ಅಂಗಡಿಗೆ ನೋಡಿಟ್ಟಿದ್ದ ಕೋಣೆಯ ಅಗಲ ಅಳೆದು ಬಂದ.

ನಾಲ್ಕನೆಯ ದಿನ ಮಧ್ಯಾಹ್ನ ಅವನು ಚುಕ್ಕಾಣಿಯ ಪಕ್ಕ ಕಾಲು ಚಾಚಿ ಚಹಾ ಕುಡಿಯುತ್ತಿದ್ದಾಗ ಕೆಳಗೆಲ್ಲೋ ಟಪ್ ಎಂದಿತು. ನೆಟಿಗೆ ಮುರಿದಂಥ ಸದ್ದು. ಬಂದರಿನಲ್ಲಿ ನೂರೆಂಟು ಸದ್ದು ಎಂದು ಸುಮ್ಮನಾದ. ಸ್ವಲ್ಪ ಹೊತ್ತಿಗೆ ಮತ್ತೊಂದು. ಆಮೇಲೆ ಬೇರೊಂದು ಕಡೆಯಿಂದ, ಜೋರಾಗಿ. ಲೋಟ ಕೆಳಗಿಟ್ಟು ತಳದ ಹಲಗೆಗಳನ್ನು ಎತ್ತಿದ. ದೋಣಿಯ ಪಕ್ಕೆಲುಬುಗಳಲ್ಲಿ ಒಂದು ನಡುವೆ ಸೀಳಿತ್ತು. ಅದರ ಪಕ್ಕದ್ದರಲ್ಲಿ ಮೊಳೆಗಳ ತಲೆ ಮರದೊಳಕ್ಕೆ ಹೂತು, ಹಲಗೆ ಹೊರಕ್ಕೆ ಉಬ್ಬಿತ್ತು. ಅವನು ನೋಡುತ್ತಿದ್ದಂತೆಯೇ ಮೂರನೆಯದು ಬಿರಿಯಿತು. ಯಾರೂ ಮುಟ್ಟದೆ, ಅಲೆಯೂ ಇಲ್ಲದೆ, ನಿಂತ ನೀರಿನಲ್ಲಿ ದೋಣಿ ತಾನೇ ತಾನಾಗಿ ಮುರಿಯುತ್ತಿತ್ತು.

ನೀರೆತ್ತಲು ರಾತ್ರಿಯೆಲ್ಲ ಓಡಿಸಿದ ಪಂಪನ್ನು ಮಾರನೆಯ ಬೆಳಿಗ್ಗೆ ನಿಲ್ಲಿಸಿದರೆ ಒಳಗೆ ಮೊಣಕಾಲುದ್ದ ನೀರು. ಮೂರು ದೋಣಿಯಮ್ಮ ಸೀರೆ ಎತ್ತಿ ಕಟ್ಟಿ ಒಳಗಿಳಿದಳು. ಒಂದು ಸಂದಿನ ಮೇಲೆ ಉಗುರು ಎಳೆದಳು. ಬಣ್ಣ ಎದ್ದಿತು, ಕೆಳಗಿನದು ಏಳಲಿಲ್ಲ. ಇನ್ನೂ ಎರಡು ಕಡೆ ಹಾಗೇ ನೋಡಿದಳು.

"ಇದನ್ನ ತುಂಬಿದ್ದು ಯಾರು?"

"ನಾನೇ."

"ನೀವು," ಎಂದು ಅವಳು ಅವನ ಮುಖ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಒಣಗಿದ ಮರ ನೀರು ಕುಡಿದು ಉಬ್ಬುತ್ತೆ ಯಜಮಾನ್ರೇ. ಉಬ್ಬಿ ಉಬ್ಬಿ ತಾನೇ ಸಂದು ಮುಚ್ಚಿಕೊಳ್ಳುತ್ತೆ. ಅದಕ್ಕೇ ಮೆತ್ತಗಿರೋದನ್ನ ತುಂಬೋದು, ಮರ ಒತ್ತಿದಾಗ ಅದು ಸರಿದು ಜಾಗ ಬಿಡ್ಲಿ ಅಂತ. ನೀವು ಕಲ್ಲು ತುಂಬಿದೀರಿ. ಉಬ್ಬಿದ ಮರ ಎಲ್ಲಿಗೆ ಹೋಗ್ಬೇಕು?"

ಕಟ್ಟೆಯ ಮೇಲೆ ಜನ ಸೇರಿದ್ದರು. ಈಗ ಗುಡುಗುತ್ತಾನೆ ಎಂದು ಕಾದರು. ಅಂಗಡಿಯವನನ್ನು ಬೈಯಬಹುದಿತ್ತು, ದಲ್ಲಾಳಿಯನ್ನು ಬೈಯಬಹುದಿತ್ತು. ದಲ್ಲಾಳಿ ಆಗಲೇ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ಗುಡುಗು ಬಗ್ಗಿ ಪಂಪನ್ನು ಮತ್ತೆ ಚಾಲೂ ಮಾಡಿದ. ಮೀಸೆಯ ಮಾತನ್ನು ಯಾರೂ ಎತ್ತಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಇಂಜಿನ್ ಮಾತ್ರ ತೆಗೆದುಕೊಳ್ಳುತ್ತೇನೆ, ಮರ ಬೇಡ ಎಂದಳು ಮೂರು ದೋಣಿಯಮ್ಮ. ಪಕ್ಕೆಲುಬು ಬದಲಾಯಿಸುವ ಖರ್ಚಿನಲ್ಲಿ ಇನ್ನೊಂದು ದೋಣಿಯೇ ಬರುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ಹೇಳಿದ ಬೆಲೆ ನ್ಯಾಯವಾಗಿತ್ತು. ಬಾವಮೈದುನ ಅಂದು ಇಡೀ ದೋಣಿಗೆ ಹೇಳಿದ್ದರ ಅರ್ಧವೂ ಅದಾಗಲಿಲ್ಲ. ಗುಡುಗು ಒಪ್ಪಿ ತಲೆಯಾಡಿಸಿದ.

ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ನಡೆದದ್ದನ್ನು ಹೇಳಿದ. ಸಂದು, ಪುಟ್ಟಿ, ಮರ ಉಬ್ಬುವುದು, ಎಲ್ಲವನ್ನೂ. ಅವಳ ಕೈ ನಿಂತಿತು. ಮಡಿಲಲ್ಲಿದ್ದ ಅವನ ಅಂಗಿಯನ್ನೇ ನೋಡುತ್ತ ಕೂತಳು.

"ತಮ್ಮ ಹೇಳಿದ್ದ," ಎಂದಳು.

ಅವನು ತಲೆಯೆತ್ತಿದ.

"ನೀವು ಡಬ್ಬಿ ತಂದ ಮಾರನೇ ದಿನ ಬಂದಿದ್ದ. ಹಿತ್ತಲ ಬಾಗಿಲಲ್ಲೇ ನಿಂತ, ಒಳಗೆ ಬಾ ಅಂದ್ರೂ ಬರ್ಲಿಲ್ಲ. ಬಾವಂಗೆ ಹೇಳು ಅಕ್ಕಾ, ಆ ಗಟ್ಟಿದು ಹಾಕಿದ್ರೆ ದೋಣಿ ಒಡೆಯುತ್ತೆ ಅಂದ. ಅವರು ಊಟಕ್ಕೆ ಬಂದಾಗ ನಾನೇ ಹೋಗಿ ತುಂಬಿಕೊಡ್ತೀನಿ, ನನ್ನ ಹೆಸರು ಹೇಳೋದು ಬೇಡ ಅಂದ."

"ಮತ್ತೆ ನೀನು ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ?"

ಅವಳು ಅಂಗಿಯ ತೋಳು ಒಳಕ್ಕೆ ಮಡಿಸಿದಳು. "ಅವನ ಹೆಸರೆತ್ತಿದ ದಿನ ನೀವು ತಟ್ಟೆ ಅಂಗಳಕ್ಕೆ ಎಸೆದ್ರಿ. ನಾನು ಎತ್ಕೊಂಡು ಬಂದು ತೊಳೆದಿಟ್ಟೆ. ಈ ಮಾತನ್ನ ಒಂಬತ್ತು ದಿನ ನಾಲಿಗೆ ತುದೀಲಿ ಇಟ್ಕೊಂಡು ಓಡಾಡಿದೆ. ನೀವು ಸಿಡುಕದೆ ಇರೋ ಒಂದು ಗಳಿಗೆ ನೋಡ್ತಿದ್ದೆ. ಅಷ್ಟರಲ್ಲಿ ನೀವು ಬಣ್ಣ ಹೊಡೆದು ಕರ್ಕೊಂಡು ಹೋಗಿ ತೋರಿಸಿದ್ರಿ."

ಅಳಲಿಲ್ಲ ಅವಳು. ಉಳಿದ ಬಟ್ಟೆ ಮಡಿಸಿ, ಎತ್ತಿಕೊಂಡು ಒಳಗೆ ಹೋದಳು. ಗುಡುಗು ಕುರ್ಚಿಯಲ್ಲೇ ಕೂತಿದ್ದ. ಮೂವತ್ತು ವರ್ಷದಲ್ಲಿ ಹೀಗೆ ಅವಳು ಎಷ್ಟು ಮಾತನ್ನು ಗಳಿಗೆ ನೋಡುತ್ತ ಇಟ್ಟುಕೊಂಡು, ಕೊನೆಗೆ ನುಂಗಿರಬಹುದು ಎಂದು ಮೊದಲ ಬಾರಿಗೆ ಯೋಚಿಸಿದ. ಅದರ ಲೆಕ್ಕ ಅವನಿಗೆ ಸಿಗಲಿಲ್ಲ.

ಎರಡು ದಿನ ಬಿಟ್ಟು ಕ್ರೇನು ಬಂದು ಇಂಜಿನ್ ಎತ್ತಿಕೊಂಡು ಹೋಯಿತು. ಭಾರ ಇಳಿದ ದೋಣಿಯ ಹಿಂಬದಿ ಮೇಲೆದ್ದು ಮೂತಿ ತಗ್ಗಿತು. ಸೌದೆಯವರು ಬಂದು ಒಯ್ಯುವವರೆಗೆ ಅದು ಕಟ್ಟೆಯ ಬಳಿ ಮುಳುಗಬಾರದೆಂದು ಬಂದರಿನವರು ತಾಕೀತು ಮಾಡಿದ್ದರು. ಗುಡುಗು ಒಳಗೆ ನಿಂತು, ಸರಿಯಿದ್ದ ಒಂದು ಕೈಯಲ್ಲಿ ಬಕೆಟ್ಟಿನಿಂದ ನೀರು ಎತ್ತಿ ಹೊರಚೆಲ್ಲುತ್ತಿದ್ದ. ಹೊರಗೆ ಹೋಗುವ ದೋಣಿಗಳು ಒಂದೊಂದೇ ಪಕ್ಕದಲ್ಲಿ ಹಾದುಹೋದವು. ಒಂದೊಂದು ಹಾದಾಗಲೂ ಅಲೆ ಬಂದು ಬಡಿದು, ಟೊಳ್ಳು ದೋಣಿ ಕಟ್ಟೆಗೆ ತಾಗಿ ನರಳುತ್ತಿತ್ತು. ಖಾಲಿ ಮರಕ್ಕೆ ಯಾರು ವೇಗ ತಗ್ಗಿಸುತ್ತಾರೆ.

ಐದನೆಯದೋ ಆರನೆಯದೋ ದೋಣಿ ಬರುವಾಗ ಇಂಜಿನ್ನಿನ ಸದ್ದು ತಗ್ಗಿತು. ಅವನು ಬಕೆಟ್ಟು ಹಿಡಿದೇ ತಿರುಗಿದ. ಚುಕ್ಕಾಣಿ ಹಿಡಿದಿದ್ದವನು ಬಾವಮೈದುನ. ಹದಿನಾಲ್ಕು ವರ್ಷ ಜೊತೆಗಿದ್ದರೂ ಅವನು ಚುಕ್ಕಾಣಿ ಹಿಡಿದದ್ದನ್ನು ಗುಡುಗು ನೋಡಿರಲಿಲ್ಲ. ಹಿಡಿಯಲು ಬಿಟ್ಟಿರಲಿಲ್ಲ. ಬಾವಮೈದುನ ಈ ಕಡೆ ನೋಡಲಿಲ್ಲ, ಮುಂದಿನ ನೀರನ್ನೇ ನೋಡುತ್ತಿದ್ದ. ಅವನ ದೋಣಿ ನಡೆದುಹೋಗುವವನಷ್ಟೇ ನಿಧಾನಕ್ಕೆ, ಪಕ್ಕಕ್ಕೆ ಒಂದು ಸುಕ್ಕನ್ನೂ ಕಳಿಸದೆ ಹಾದುಹೋಯಿತು. ಕಟ್ಟೆಯ ತುದಿ ದಾಟಿ, ಸಾಕಷ್ಟು ದೂರ ಹೋದ ಮೇಲೆ, ಇಂಜಿನ್ನಿನ ಸದ್ದು ಮತ್ತೆ ಏರಿತು.